ಬರ್ಲಿ, ಬರ್ಲಿ, ಇನ್ನೂ ಬರ್ಲಿ

ಕಾರು ಓಡಿಸುವುದು ಒಬ್ಬರೇ ಮಾಡುವ ಕೆಲಸ ಎಂದು ನಂಬಿದವರು ನಮ್ಮ ಕಡೆಯ ಯಾವುದಾದರೂ ಗಲ್ಲಿಯಲ್ಲಿ ರಿವರ್ಸ್ ತೆಗೆದು ನೋಡಬೇಕು. ಗೇರು ಬಿದ್ದ ಸದ್ದಿಗೇ ಎಲ್ಲಿಂದಲೋ ಒಬ್ಬ ಹುಟ್ಟಿಕೊಳ್ಳುತ್ತಾನೆ. ಅವನನ್ನು ಯಾರೂ ಕರೆದಿರುವುದಿಲ್ಲ. ಬೀಡಾ ಅಂಗಡಿಯ ಮುಂದೆ ನಿಂತಿದ್ದವನೋ, ಹಾಲು ತರಲು ಹೊರಟವನೋ, ತನ್ನ ಕೆಲಸ ಬಿಟ್ಟು ಕಾರಿನ ಬೆನ್ನಿಗೆ ಬಂದು ಕೈ ಬೀಸತೊಡಗುತ್ತಾನೆ. “ಬರ್ಲಿ, ಬರ್ಲಿ... ರೈಟಿಗೆ ಕಟ್ ಮಾಡಿ... ಫುಲ್ ಕಟ್... ಬರ್ಲಿ, ಇನ್ನೂ ಬರ್ಲಿ...” ಆಮೇಲೆ ‘ಡಬ್’ ಎಂದೊಂದು ಸದ್ದು. ಅದರ ಹಿಂದೆಯೇ “ಸಾಕು, ಸಾಕು!”

ಈಗಿನ ಕಾರುಗಳಿಗೆ ಹಿಂದೆ ಕ್ಯಾಮೆರಾ ಇದೆ, ಪೀಪೀ ಎನ್ನುವ ಸೆನ್ಸರ್ ಇದೆ. ಅಷ್ಟಕ್ಕೆಲ್ಲ ಈ ಪರೋಪಕಾರಿಯ ಉದ್ಯೋಗ ಹೋಗಿಲ್ಲ. ಅವನು ಸರಿಯಾಗಿ ಕ್ಯಾಮೆರಾದ ಎದುರೇ ನಿಲ್ಲುವುದರಿಂದ ಪರದೆಯ ತುಂಬ ಚೌಕಳಿ ಲುಂಗಿ ಮಾತ್ರ ಕಾಣುತ್ತದೆ. ಸೆನ್ಸರ್ ಬಾಯಿ ಬಡಿದುಕೊಳ್ಳುವುದೂ ಅವನನ್ನು ಕಂಡೇ.

ನನ್ನನ್ನು ಕೇಳಿದರೆ ನಮ್ಮ ದೇಶದಲ್ಲಿ ಗಾಡಿ ಓಡಿಸುವ ಸುಖವೆಲ್ಲ ಈ ಮಾತುಕತೆಯಲ್ಲೇ ಇದೆ. ಉಳಿದದ್ದು ಕ್ಲಚ್ಚು, ಬ್ರೇಕು, ಸೊಂಟನೋವು. ಬೈಕಿನ ಸ್ಟ್ಯಾಂಡು ಎತ್ತುವುದನ್ನು ಮರೆತು ಹೊರಡಿ, ನಾಡಿನ ಕರುಣೆ ಎಷ್ಟೆಂದು ತಿಳಿಯುತ್ತದೆ. “ಅಣ್ಣಾ, ಸ್ಟ್ಯಾಂಡ್!” ಎಂದು ಆಟೋದವನು ಕೂಗುತ್ತಾನೆ, ಬಸ್ ಸ್ಟಾಪಿನ ಅಜ್ಜಿ ಕೂಗುತ್ತಾಳೆ. ಆಗಷ್ಟೇ ಸಿಗ್ನಲ್ ಹಾರಿಸಿ, ಒನ್‌ವೇಯಲ್ಲಿ ಎದುರಿನಿಂದ ಬಂದು, ನಿಮ್ಮ ಎದೆ ಝಲ್ಲೆನಿಸಿದ ಹುಡುಗ ಕೂಡ ಗಾಡಿ ತಿರುಗಿಸಿಕೊಂಡು ಬಂದು “ಸಾರ್, ಸ್ಟ್ಯಾಂಡು” ಎಂದು ಹೇಳಿ ಹೋಗುತ್ತಾನೆ. ಹೆದ್ದಾರಿಯಲ್ಲಿ ಎದುರಿನ ಕಾರು ಹಾಡಹಗಲೇ ಲೈಟು ಮಿಟುಕಿಸಿತೆಂದರೆ ಮುಂದೆ ಪೊಲೀಸರಿದ್ದಾರೆ, ಬೆಲ್ಟು ಹಾಕಿಕೊ ಎಂದು. ಕಾನೂನು ಪಾಲಿಸಲು ನಾವು ಒಬ್ಬರಿಗೊಬ್ಬರು ಇಷ್ಟು ನೆರವಾಗುತ್ತೇವೆ!

ಆದರೆ ಲೈಟಿನ ಭಾಷೆ ಎಲ್ಲರಿಗೂ ದಕ್ಕುವಂಥದ್ದಲ್ಲ. ಲಂಡನ್ನಿನಿಂದ ಬಂದ ನನ್ನ ಭಾವಮೈದ, “ಅಲ್ಲೂ ಎಡಗಡೆ, ಇಲ್ಲೂ ಎಡಗಡೆ, ಅದೇನ್ ಮಹಾ ಭಾವ, ಕೊಡಿ ಕೀ” ಎಂದು ಸ್ಟೇರಿಂಗ್ ಹಿಡಿದ. ಎಡಗಡೆ ಹೋಗಬೇಕೆಂಬುದು ನಮ್ಮಲ್ಲಿ ಹಿರಿಯರ ಬುದ್ಧಿಮಾತಿನ ಹಾಗೆ, ಎಲ್ಲರೂ ಕೇಳಿಸಿಕೊಂಡಿರುತ್ತೇವೆ ಅಷ್ಟೆ ಎಂಬುದನ್ನು ಅವನಿಗೆ ಹೇಳಲು ಪುರುಸೊತ್ತಾಗಲಿಲ್ಲ. ಕಿರಿದಾದ ಸೇತುವೆಯ ಆಚೆ ತುದಿಯಿಂದ ಲಾರಿಯೊಂದು ಡಿಪ್ಪರ್ ಹೊಡೆಯಿತು. ಅವನಿರುವ ಕಡೆ ಹಾಗೆ ಮಿಟುಕಿಸಿದರೆ ‘ನೀವು ಮೊದಲು ಬನ್ನಿ’ ಎಂದಂತೆ. ಇವನು ಕೈಯೆತ್ತಿ ವಂದನೆ ಸಲ್ಲಿಸಿ ಸೇತುವೆಗೆ ನುಗ್ಗಿದ. ನಮ್ಮ ಡಿಪ್ಪರಿನ ಅರ್ಥ ‘ನಾನು ಬಂದೇ ಬಿಟ್ಟೆ, ನೀನು ನಿಲ್ಲು’ ಎಂದು. ಇಬ್ಬರೂ ನಡುಮಧ್ಯೆ ಮೂತಿಗೆ ಮೂತಿ ತಾಗಿಸಿ ನಿಂತಾಗ ಲಾರಿಯ ಡ್ರೈವರ್ ಬೈಯಲೂ ಇಲ್ಲ. ಕಿಟಕಿಯಿಂದ ತಲೆ ಹಾಕಿ ನೋಡಿ, “ಫಾರಿನ್ನಾ?” ಎಂದು ಕೇಳಿದ.

ಹಾರನ್ನಿನ ವ್ಯಾಕರಣವಂತೂ ಇನ್ನೂ ಸೂಕ್ಷ್ಮ. ಸಣ್ಣದೊಂದು ಪೀಂ: ‘ಅಣ್ಣ, ಪಕ್ಕದಲ್ಲಿ ನಾನಿದ್ದೇನೆ.’ ಎರಡು ಪೀಂ: ‘ಒಂಚೂರು ಜರುಗು.’ ಎಳೆದು ಹೊಡೆದರೆ: ‘ನಿಮ್ಮಪ್ಪಂದಾ ರೋಡು?’ ಸಿಗ್ನಲ್ ಹಸಿರಾಗಲು ಇನ್ನೂ ಐದು ಸೆಕೆಂಡಿದೆ ಎನ್ನುವಾಗ ಹಿಂದಿನಿಂದ ಒಟ್ಟಾಗಿ ಏಳುವ ಹಾರನ್ನಿಗೆ ಮಾತ್ರ ಅರ್ಥವಿಲ್ಲ, ಅದು ಸಾಮೂಹಿಕ ಭಜನೆ.

ಬೇರೆ ದೇಶದ ಚಾಲಕರಿಗೆ ಸಿಗದ ಇನ್ನೊಂದು ಭಾಗ್ಯ ಬೇಸಾಯ. ಸುಗ್ಗಿಯ ಕಾಲದಲ್ಲಿ ತುಮಕೂರು, ಚಿತ್ರದುರ್ಗದ ಕಡೆ ಹೋದರೆ ಡಾಂಬರು ರಸ್ತೆಯೇ ಕಣ. ರಾಗಿ, ಹುರುಳಿ ಹಾಸಿರುತ್ತಾರೆ. ನಿಮ್ಮ ಟೈರೇ ರೋಣಗಲ್ಲು. ಸಾಲದ ಕಂತು ಕಟ್ಟಿ ತಂದ ಕಾರಿನಲ್ಲಿ, ನಿಮ್ಮದೇ ಪೆಟ್ರೋಲ್ ಹಾಕಿಕೊಂಡು, ಕೂಲಿಯಿಲ್ಲದೆ ಒಕ್ಕಣೆ ಮಾಡಿಕೊಟ್ಟು ಹೋಗಬೇಕು. ಬದಿಯಲ್ಲಿ ಮೊರ ಹಿಡಿದು ನಿಂತ ಹೆಂಗಸು, “ಸಾ, ಈ ಕಡಿಂದ ಬನ್ನಿ ಸಾ, ಆ ಕಡೆ ಆಗೋಗೈತೆ” ಎಂದು ಮೇಸ್ತ್ರಿಯ ಗತ್ತಿನಲ್ಲಿ ಅಪ್ಪಣೆ ಕೊಡಿಸುತ್ತಾಳೆ. ನಾವೂ ಸ್ಟೇರಿಂಗ್ ತಿರುಗಿಸುತ್ತೇವೆ. ತಮಾಷೆ ಇರಲಿ, ಹುರುಳಿ ಬಳ್ಳಿ ಅಡಿಯಲ್ಲಿ ಸುತ್ತಿಕೊಂಡು ಬಿಸಿಗೆ ಹೊತ್ತಿ ಕಾರುಗಳು ಸುಟ್ಟುಹೋದದ್ದುಂಟು. ಕಣ ದಾಟಿದ ಮೇಲೆ ಇಳಿದು, ಬಗ್ಗಿ, ಕಿತ್ತು ಹಾಕಿಯೇ ಮುಂದೆ ಹೋಗಬೇಕು.

ಇಂಥ ಯಾವ ಸುಖವೂ ಇಲ್ಲದ ರಸ್ತೆ ಎಂದರೆ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ. 118 ಕಿಲೋಮೀಟರು, ಒಂದೂವರೆ ಗಂಟೆ, ಮುಗಿಯಿತು. ಬಿಡದಿಯ ತಟ್ಟೆ ಇಡ್ಲಿ, ಚನ್ನಪಟ್ಟಣದ ಬೊಂಬೆ, ಮದ್ದೂರಿನ ವಡೆ ಎಲ್ಲವೂ ಹಳೇ ರಸ್ತೆಯಲ್ಲೇ ಉಳಿದವು. ಆ ವರ್ಷದ ಆಗಸ್ಟ್‌ನಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೂ ಅಲ್ಲಿ ಪ್ರವೇಶವಿಲ್ಲ. ಮೊದಲು ಮೈಸೂರಿಗೆ ಹೊರಟರೆ ಎಲ್ಲಿ ತಿನ್ನಬೇಕೆಂಬ ಜಗಳ ಕೆಂಗೇರಿಯಲ್ಲೇ ಶುರುವಾಗುತ್ತಿತ್ತು. ಗಂಡಸರದು ಯಾವಾಗಲೂ ಒಂದೇ ರಾಗ: “ಮುಂದೆ ಇನ್ನೂ ಚೆನ್ನಾಗಿರೋ ಹೋಟ್ಲಿದೆ.” ಆ ಹೋಟೆಲು ಬರುವಷ್ಟರಲ್ಲಿ ಶ್ರೀರಂಗಪಟ್ಟಣ ಬಂದಿರುತ್ತಿತ್ತು, ಮನೆಯವರು ಮುಖ ತಿರುಗಿಸಿ ಕಾವೇರಿ ನೋಡುತ್ತಿದ್ದರು. ಈಗ ಜಗಳವೂ ಇಲ್ಲ. ಮಾತಾಡುವವಳೆಂದರೆ ಫೋನಿನೊಳಗಿನ ಹೆಂಗಸೊಬ್ಬಳೇ. ಅವಳ ಮಾತು ಮೀರಿ ಹೋದರೂ ಸಿಟ್ಟಾಗುವುದಿಲ್ಲ, ಹೊಸ ದಾರಿ ಹುಡುಕುತ್ತಾಳೆ. ಸಂಸಾರಸ್ಥರಿಗೆ ಇದು ಒಗ್ಗುವುದು ಕಷ್ಟ. ಅದಕ್ಕೇ ನಾನು ಈಗಲೂ ಮದ್ದೂರಿಗೆ ಮುಂಚೆ ಕೆಳಗಿಳಿದುಬಿಡುತ್ತೇನೆ, ವಡೆ ಒಂದು ನೆಪ.

ದಾರಿಯನ್ನು ಮನುಷ್ಯರ ಹತ್ತಿರವೇ ಕೇಳಬೇಕು. ಉತ್ತರದ ವರಸೆಯಲ್ಲೇ ಯಾವ ಜಿಲ್ಲೆಗೆ ಬಂದಿದ್ದೇವೆಂದು ಗೊತ್ತಾಗುತ್ತದೆ. “ಹಿಂಗ ಸೀದಾ ಹೋಗ್ರಿ, ಅಗಸಿ ಬರ್ತದ, ಅಲ್ಲಿ ಯಾರನ್ನರ ಕೇಳ್ರಿ” ಎಂದರೆ ಧಾರವಾಡದ ಆಸುಪಾಸು. “ಒಂದು ಸರ್ಕಲ್ ಉಂಟು, ಅಲ್ಲಿಂದ ಬಲಕ್ಕೆ, ಅಲ್ಲಿ ಕೇಳಿ ಆಯ್ತಾ” ಎಂದರೆ ಘಟ್ಟ ಇಳಿದಾಯಿತು. ಯಾರೂ ಪೂರ್ತಿ ದಾರಿ ಹೇಳುವುದಿಲ್ಲ ನೋಡಿ. ಮುಂದಿನವರಿಗೂ ಒಂದು ಪಾಲು ಉಳಿಸಿರುತ್ತಾರೆ. ಹೆದ್ದಾರಿಯ ನಂಬರು ಮಾತ್ರ ಕೇಳಬಾರದು. 2010ರಲ್ಲಿ ನಂಬರುಗಳನ್ನೆಲ್ಲ ಬದಲಿಸಿ, ಪುಣೆ ಕಡೆಯ ಹಳೇ ನಾಲ್ಕನ್ನು 48 ಮಾಡಿದರು, ಮಂಗಳೂರು ಕಡೆಯ ಹಳೇ 48 ಅನ್ನು 75 ಮಾಡಿದರು. ಹಾಗಾಗಿ ಯಾರಾದರೂ “ನಲವತ್ತೆಂಟು ಹಿಡೀರಿ” ಎಂದರೆ ಅದು ಪುಣೆಯೋ ಮಂಗಳೂರೋ ಎಂಬುದನ್ನು ಹೇಳಿದವರ ತಲೆಗೂದಲಿನ ಬಣ್ಣ ನೋಡಿ ತೀರ್ಮಾನಿಸಬೇಕು. ನೆಲಮಂಗಲದವರೆಗೆ ಎರಡೂ ಒಂದೇ ದಾರಿ, ಯೋಚನೆಗೆ ಅಷ್ಟು ಸಮಯವಿದೆ.

ಮಲೆನಾಡಿನಲ್ಲಿ ಬಾಯಲ್ಲಿ ದಾರಿ ಹೇಳುವುದು ಅವಮಾನ ಎಂದುಕೊಂಡವರಿದ್ದಾರೆ. ಕೊಪ್ಪದಿಂದ ಆಚೆ, ನೆಂಟರ ತೋಟದ ಮನೆ ಹುಡುಕುತ್ತಿದ್ದಾಗ ರಸ್ತೆ ಬದಿಯಲ್ಲಿ ಛತ್ರಿ ಊರಿಕೊಂಡು ನಿಂತಿದ್ದ ಹಿರಿಯರೊಬ್ಬರನ್ನು ಕೇಳಿದೆ. “ಹೇಳಿದ್ರೆ ತಿಳಿಯೋದಿಲ್ಲ, ನಾನೇ ತೋರಿಸ್ತೀನಿ ತಡೀರಿ” ಎಂದು ಬಾಗಿಲು ತೆಗೆದು ಕೂತೇ ಬಿಟ್ಟರು. ದಾರಿಯುದ್ದಕ್ಕೂ ಅಡಿಕೆ ಧಾರಣೆ, ಕೊಳೆರೋಗ, ನಮ್ಮ ನೆಂಟರ ಅಜ್ಜನ ಕಾಲದ ವ್ಯಾಜ್ಯ ಎಲ್ಲ ತಿಳಿಯಿತು. ಒಂದು ಹೆಂಚಿನ ಮನೆಯ ಮುಂದೆ “ಇಲ್ಲೇ, ಇಲ್ಲೇ, ನಿಲ್ಸಿ” ಎಂದರು. ಇಳಿದು ನೋಡಿದರೆ ನೆಂಟರ ಮನೆಯಲ್ಲ, ಅವರದೇ ಮನೆ. ನಮ್ಮ ತಿರುವು ಎಲ್ಲಿ ಎಂದು ಕೇಳಿದೆ.

“ಅದು ಆಗ್ಲೇ ಹಿಂದೆ ಹೋಯ್ತಲ್ಲ, ಆ ಸೇತುವೆ ಹತ್ರ.”

“ಮತ್ತೆ ಹೇಳಲೇ ಇಲ್ಲವಲ್ಲ?”

“ಹೇಳಿದ್ರೆ ನೀವು ಅಲ್ಲೇ ತಿರುಗಿಸ್ತಿದ್ರಿ, ನಾನು ಇಷ್ಟು ದೂರ ನಡೀಬೇಕಿತ್ತು. ಬನ್ನಿ ಒಳಗೆ, ಕಾಫಿ ಕುಡ್ಕೊಂಡ್ ಹೋಗಿ.”