ರೆಪಾಸಿಟರಿ ಮೀಮಾಂಸೆ

ಮಂಗಳಾಚರಣೆ

ಶಾಸ್ತ್ರಗ್ರಂಥವೆಂದ ಮೇಲೆ ಮೊದಲು ಸ್ತುತಿ ಇರಬೇಕು. ಈ ಶಾಸ್ತ್ರದ ಅಧಿದೇವತೆ ಗೋವು. ಇದಕ್ಕೆ ಪ್ರತ್ಯಕ್ಷ ಪ್ರಮಾಣವೇ ಇದೆ: ಡೆಬಿಯನ್ ಲಿನಕ್ಸ್ ಇರುವ ಕಂಪ್ಯೂಟರಿನ ಟರ್ಮಿನಲ್ಲಿನಲ್ಲಿ 'ಆಪ್ಟ್ ಮೂ' ಎಂದು ಟೈಪಿಸಿದರೆ, ಅಕ್ಷರಗಳಿಂದಲೇ ಬಿಡಿಸಿದ ಹಸುವೊಂದು ದರ್ಶನ ಕೊಟ್ಟು, ಇವತ್ತು ಅಂಬಾ ಅಂದಿರಾ ಎಂದು ವಿಚಾರಿಸುತ್ತದೆ. ಪ್ಯಾಕೇಜುಗಳನ್ನು ತರಿಸಿ ಜೋಡಿಸುವ ಪ್ರೋಗ್ರಾಮಾದ ಈ ಆಪ್ಟಿನ ಸಹಾಯಪುಟವೂ ತನ್ನಲ್ಲಿ ಮಹಾಗೋಶಕ್ತಿ ಇದೆಯೆಂದು ಸಾರುತ್ತದೆ. ಅದೇ ಮನೆತನದ ಆಪ್ಟಿಟ್ಯೂಡ್ ಎಂಬ ಪ್ರೋಗ್ರಾಮಿಗೆ ಅದೇ ಮಂತ್ರ ಹೇಳಿದರೆ, ಇಲ್ಲಿ ಅಂಥ ಗುಟ್ಟಿನ ಚೇಷ್ಟೆ ಯಾವುದೂ ಇಲ್ಲ ಎಂಬ ಉತ್ತರ ಬರುತ್ತದೆ. ಅದನ್ನು ನಾಸ್ತಿಕ ಶಾಖೆಯೆಂದು ಗುರುತಿಸಿ ಮುಂದೆ ಹೋಗೋಣ.

ಇನ್ನು ಅನುಬಂಧ ಚತುಷ್ಟಯ. ವಿಷಯ: 2023ರ ಜೂನ್ 10ರಂದು ಬಂದ ಡೆಬಿಯನ್ 12, ಅಂದರೆ ಬುಕ್‌ವರ್ಮ್‌ನಿಂದ, 2025ರ ಆಗಸ್ಟ್ 9ರಂದು ಬಂದ ಡೆಬಿಯನ್ 13, ಅಂದರೆ ಟ್ರಿಕ್ಸಿಗೆ ಏರುವಾಗ ರೆಪಾಸಿಟರಿಗಳನ್ನು, ಅಂದರೆ ಪ್ಯಾಕೇಜುಗಳು ಬರುವ ಭಂಡಾರಗಳನ್ನು, ಏನು ಮಾಡಬೇಕೆಂಬುದು. ಪ್ರಯೋಜನ: ಮಾರನೆಯ ಬೆಳಿಗ್ಗೆ ಕಂಪ್ಯೂಟರ್ ಆನ್ ಆಗುವುದು. ಅಧಿಕಾರಿ: ಬ್ಯಾಕಪ್ ತೆಗೆದವನು. ಬ್ಯಾಕಪ್ ತೆಗೆಯದವನಿಗೂ ಶಾಸ್ತ್ರದಲ್ಲಿ ಸ್ಥಾನವುಂಟು, ಉದಾಹರಣೆಯಾಗಿ. ಸಂಬಂಧ: ಗ್ರಂಥಕ್ಕೂ ಓದುಗನಿಗೂ ಸಂಬಂಧ ಏರ್ಪಡುವುದು ಸಾಮಾನ್ಯವಾಗಿ ಅಪ್‌ಗ್ರೇಡ್ ಅರ್ಧಕ್ಕೆ ನಿಂತ ಮೇಲೆ, ಪಕ್ಕದವರಿಂದ ಈಸಿಕೊಂಡ ಮೊಬೈಲಿನ ಮೂಲಕ.

ಸೂತ್ರ 1: ಕೆಡಿಸುವುದು ಹೊಸ ಆವೃತ್ತಿಯಲ್ಲ, ಮರೆತ ಹಳೆಯ ಸಾಲು

ವ್ಯಾಖ್ಯಾನ. ಟ್ರಿಕ್ಸಿಯಲ್ಲಿ 69,830 ಪ್ಯಾಕೇಜುಗಳಿವೆ. ಇವು ಒಂದಕ್ಕೊಂದು ಹೊಂದಿಕೊಂಡು ಬಾಳುವಂತೆ ಎರಡು ವರ್ಷ ದುಡಿದ ಸ್ವಯಂಸೇವಕರು, ನೀವು ಯಾವುದೋ ಮಧ್ಯರಾತ್ರಿ ವೀಡಿಯೊ ನೋಡಿಕೊಂಡು ಸೇರಿಸಿದ ರೆಪಾಸಿಟರಿಯನ್ನು ಮಾತ್ರ ಪರೀಕ್ಷಿಸಿಲ್ಲ. ಅಂಥದೊಂದು ಇದೆಯೆಂಬುದೇ ಅವರಿಗೆ ಗೊತ್ತಿಲ್ಲ. ನಿಮಗೂ ಈಗ ನೆನಪಿಲ್ಲ. ನೆನಪಿಟ್ಟುಕೊಂಡಿರುವುದು ಆಪ್ಟ್ ಒಂದೇ.

ಆ ನೆನಪು, ರೆಪಾಸಿಟರಿಗೊಂದು ಸಾಲಿನಂತೆ, ಎರಡು ಕಡೆ ಇರುತ್ತದೆ: ಸೋರ್ಸಸ್.ಲಿಸ್ಟ್ ಎಂಬ ಫೈಲಿನಲ್ಲಿ, ಮತ್ತು ಅದರ ಪಕ್ಕದ ಸೋರ್ಸಸ್.ಲಿಸ್ಟ್.ಡಿ ಎಂಬ ಡೈರೆಕ್ಟರಿಯಲ್ಲಿ. ಮೊದಲನೆಯದನ್ನು ಎಲ್ಲರೂ ತೆರೆದು ನೋಡುತ್ತಾರೆ. ಎರಡನೆಯದರಲ್ಲಿ ಬ್ರೌಸರ್, ಎಡಿಟರ್, ವೀಡಿಯೊ ಕರೆಯ ಪ್ರೋಗ್ರಾಮ್ ಇತ್ಯಾದಿಗಳು ತಾವು ಇನ್‌ಸ್ಟಾಲ್ ಆಗುವಾಗಲೇ ಒಂದೊಂದು ಫೈಲು ಇಟ್ಟು ಸುಮ್ಮನಿರುತ್ತವೆ. ಕರ್ಮಫಲ ಸಂಚಯವಾಗುವುದು ಅಲ್ಲಿ.

ಸಾಲಿನ ಲಕ್ಷಣ ಹೀಗೆ. ಪ್ರತಿ ಸಾಲಿಗೆ ಅಂಗ ನಾಲ್ಕು: ಬಗೆ, ವಿಳಾಸ, ಆವೃತ್ತಿಯ ಹೆಸರು, ವಿಭಾಗಗಳು. ವಿಭಾಗಗಳಲ್ಲಿ ಶ್ರೇಷ್ಠವಾದದ್ದು ಮೇನ್. ಅಲ್ಲಿರುವುದೆಲ್ಲ ಸ್ವತಂತ್ರ ತಂತ್ರಾಂಶ. ಗುಬ್ಬಿ, ನವಿಲು ಎಂಬ ಕನ್ನಡ ಫಾಂಟುಗಳೂ ಅಲ್ಲೇ ಸಿಗುತ್ತವೆ. ಕನ್ನಡಿಗನು ಅವಕ್ಕಾಗಿ ಬೇರೆ ಸಾಲು ಸೇರಿಸಿ ದೋಷ ಕಟ್ಟಿಕೊಳ್ಳಬೇಕಿಲ್ಲ. ಮೇನ್ ಆದ ಮೇಲೆ ಕಾಂಟ್ರಿಬ್, ನಾನ್-ಫ್ರೀ ಎಂಬ ಎರಡು ವಿಭಾಗಗಳಿದ್ದವು. ವೈಫೈಗೆ ಬೇಕಾದ ಫರ್ಮ್‌ವೇರ್ ಸ್ವತಂತ್ರವೋ ಪರತಂತ್ರವೋ, ಅದನ್ನು ಇನ್‌ಸ್ಟಾಲರಿನ ಜೊತೆಗೆ ಕೊಡಬಹುದೋ ಕೂಡದೋ ಎಂದು ಪಂಡಿತರು ವರ್ಷಗಟ್ಟಲೆ ವಾದಿಸಿ, 2022ರಲ್ಲಿ ಮತ ಹಾಕಿ ತೀರ್ಮಾನಿಸಿದರು. ಬುಕ್‌ವರ್ಮ್‌ನಲ್ಲಿ ನಾನ್-ಫ್ರೀ-ಫರ್ಮ್‌ವೇರ್ ಎಂಬ ನಾಲ್ಕನೆಯ ವಿಭಾಗ ಹುಟ್ಟಿತು. ಹಳೆಯ ಸಾಲಿನಲ್ಲಿ ಹೆಸರನ್ನಷ್ಟೇ ತಿದ್ದಿ, ವಿಭಾಗವನ್ನು ಸೇರಿಸದೆ ಬಂದವನಿಗೆ ಅಂದಿನಿಂದ ಫರ್ಮ್‌ವೇರಿನ ತಿದ್ದುಪಡಿ ಬರುವುದು ನಿಂತಿತು. ವಾದದಲ್ಲಿ ಗೆದ್ದವರು ಯಾರೇ ಇರಲಿ, ವೈಫೈ ಕಳೆದುಕೊಳ್ಳುವ ಸಾಧ್ಯತೆ ಇದ್ದದ್ದು ಇವನಿಗೆ.

ಸೂತ್ರ 2: ಹೆಸರು ಹಿಡಿದು ಕರೆ, ಪದವಿ ಹಿಡಿದು ಕರೆಯಬೇಡ

ವ್ಯಾಖ್ಯಾನ. ಡೆಬಿಯನ್ನಿನ ಆವೃತ್ತಿಗಳಿಗೆಲ್ಲ ಟಾಯ್ ಸ್ಟೋರಿ ಚಲನಚಿತ್ರಗಳ ಪಾತ್ರಗಳ ಹೆಸರು. ಈ ಸಂಪ್ರದಾಯ ಬೇರೂರಿದ ದಿನಗಳಲ್ಲಿ ಯೋಜನೆಯ ಮುಖ್ಯಸ್ಥರಾಗಿದ್ದ ಬ್ರೂಸ್ ಪೆರೆನ್ಸ್ ಕೆಲಸ ಮಾಡುತ್ತಿದ್ದದ್ದು ಪಿಕ್ಸಾರ್‌ನಲ್ಲಿ. 1996ರ ಬಝ್‌ನಿಂದ ಹಿಡಿದು ಟ್ರಿಕ್ಸಿ ಎಂಬ ನೀಲಿ ಬಣ್ಣದ ಪ್ಲಾಸ್ಟಿಕ್ ಡೈನೊಸಾರ್‌ವರೆಗೆ ಬಹುತೇಕ ಎಲ್ಲವೂ ಆಟದ ಸಾಮಾನಿನ ಪೆಟ್ಟಿಗೆಯಿಂದಲೇ ಎದ್ದು ಬಂದವು. ಬ್ಯಾಂಕು, ವಿಶ್ವವಿದ್ಯಾಲಯ, ಪ್ರಯೋಗಾಲಯಗಳ ಸರ್ವರುಗಳನ್ನು ಆಟಿಕೆಗಳ ಹೆಸರಿನಲ್ಲಿ ನಡೆಸುವುದು ಉಚಿತವೇ ಎಂಬ ಪ್ರಶ್ನೆಯನ್ನು ಶಾಸ್ತ್ರ ಎತ್ತುವುದಿಲ್ಲ. ಆದರೆ ಎಂದೂ ಬಿಡುಗಡೆಯಾಗದ ಅಸ್ಥಿರ ಶಾಖೆಗೆ ಸಿಡ್ ಎಂದು ಹೆಸರಿಟ್ಟಿರುವುದನ್ನು ಮಾತ್ರ ಗಮನಿಸುತ್ತದೆ. ಸಿಡ್ ಎಂದರೆ ಪಕ್ಕದ ಮನೆಯ, ಆಟಿಕೆಗಳನ್ನು ಮುರಿಯುವ ಹುಡುಗ. ಎಚ್ಚರಿಕೆಯನ್ನು ಹೆಸರಿನಲ್ಲೇ ಕೊಟ್ಟ ಮೇಲೂ ಆ ಸಾಲನ್ನು ಸೇರಿಸಿಕೊಂಡವನು ದೂರು ಹೇಳುವ ಅಧಿಕಾರವನ್ನು ಕಳೆದುಕೊಳ್ಳುತ್ತಾನೆ.

ಈಗ ಪದವಿಯ ವಿಚಾರ. ಸ್ಟೇಬಲ್ ಎಂಬುದು ಒಂದು ಪೀಠ. ನಿನ್ನೆ ಅದರ ಮೇಲೆ ಕೂತಿದ್ದವನು ಬುಕ್‌ವರ್ಮ್, ಇವತ್ತು ಟ್ರಿಕ್ಸಿ, ನಾಳೆ ಫೋರ್ಕಿ.

ಪೂರ್ವಪಕ್ಷ: ಸಾಲಿನಲ್ಲಿ ಸ್ಟೇಬಲ್ ಎಂದೇ ಬರೆದುಬಿಟ್ಟರೆ ಪ್ರತಿಸಲ ತಿದ್ದುವ ಕಷ್ಟವಿಲ್ಲವಲ್ಲ?

ಸಿದ್ಧಾಂತ: ಇಲ್ಲ, ಕಷ್ಟದ ದಿನವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವೂ ಇಲ್ಲ. 2025ರ ಆಗಸ್ಟ್ 9ರ ನಂತರ ಹಾಗೆ ಬರೆದವನು ಎಂದಿನಂತೆ ಆಪ್ಟ್ ಅಪ್‌ಡೇಟ್ ಮಾಡಿದಾಗ, ರೆಪಾಸಿಟರಿಯ ಹೆಸರು ಬುಕ್‌ವರ್ಮ್ ಇದ್ದದ್ದು ಟ್ರಿಕ್ಸಿ ಆಗಿದೆ, ಒಪ್ಪಿಗೆಯೇ ಎಂದು ಆಪ್ಟ್ ಕೇಳುತ್ತದೆ. ಕೇಳಿದ್ದಕ್ಕೆಲ್ಲ 'ವೈ' ಒತ್ತುವುದು ಮನುಷ್ಯನ ಸಹಜ ಧರ್ಮ. ಒತ್ತುತ್ತಾನೆ. ಆಫೀಸಿಗೆ ಹೊರಡುವ ಅರ್ಧ ಗಂಟೆ ಮುಂಚೆ, ತನಗೆ ತಿಳಿಯದಂತೆ, ಇಡೀ ವ್ಯವಸ್ಥೆಯ ಅಪ್‌ಗ್ರೇಡಿಗೆ ಕೈಹಾಕಿರುತ್ತಾನೆ.

ಹೆಸರು ಬರೆದವನಿಗೂ ಪರೀಕ್ಷೆ ತಪ್ಪಿದ್ದಲ್ಲ. ಬಸ್ಟರ್ ಎಂಬ ಆವೃತ್ತಿಯ ಕಾಲದಲ್ಲಿ ಭದ್ರತೆಯ ಸಾಲಿನಲ್ಲಿ ಹೆಸರಿನ ನಂತರ ಓರೆಗೆರೆ ಹಾಕಿ 'ಅಪ್‌ಡೇಟ್ಸ್' ಎಂದು ಬರೆಯಬೇಕಿತ್ತು. 2021ರ ಬುಲ್ಸ್‌ಐಯಿಂದ ಅದು ಅಡ್ಡಗೆರೆ ಹಾಕಿ 'ಸೆಕ್ಯುರಿಟಿ' ಎಂದಾಯಿತು. ಸೆಡ್ ಎಂಬ ಉಪಕರಣದಿಂದ ಎಲ್ಲೆಡೆ ಹೆಸರನ್ನು ಒಂದೇ ಏಟಿಗೆ ಬದಲಿಸಿದ ಜಾಣರು, ಲೋಕದಲ್ಲಿ ಎಲ್ಲೂ ಇಲ್ಲದ ವಿಳಾಸಕ್ಕೆ ಭದ್ರತೆ ಕೇಳಿಕೊಂಡು ಹೋದರು. ಆದ್ದರಿಂದ ಉಪಸೂತ್ರ: ಬದಲಿಸುವ ಮೊದಲು ಓದು, ಬದಲಿಸಿದ ಮೇಲೂ ಓದು.

ಸೂತ್ರ 3: 500ಕ್ಕೆ 500 ಸಮ, ದೊಡ್ಡ ಸಂಖ್ಯೆಗೆ ಜಯ

ವ್ಯಾಖ್ಯಾನ. ಈ ಶಾಸ್ತ್ರದ ಗರ್ಭಗುಡಿ ಇದು. ಚಪ್ಪಲಿ ಬಿಟ್ಟು ಬರಬೇಕು. ಆಪ್ಟ್ ಪ್ರತಿಯೊಂದು ರೆಪಾಸಿಟರಿಗೂ ಒಂದು ಆದ್ಯತೆಯ ಅಂಕಿ ಕೊಡುತ್ತದೆ. ಸಾಧಾರಣ ರೆಪಾಸಿಟರಿಗೆ 500. ಇದೇ ಗುರಿ ಎಂದು ನೀವು ಹೇಳಿಟ್ಟ ಆವೃತ್ತಿಗೆ 990. ಈಗಾಗಲೇ ಇನ್‌ಸ್ಟಾಲ್ ಆಗಿರುವುದಕ್ಕೂ ಬ್ಯಾಕ್‌ಪೋರ್ಟ್ಸಿಗೂ 100. ಎಕ್ಸ್‌ಪೆರಿಮೆಂಟಲ್ ಶಾಖೆಗೆ 1. ನೀವೇ ಅಂಕಿ ನಿಗದಿಮಾಡಿ, ಅಂದರೆ ಪಿನ್ ಮಾಡಿ, 1000 ದಾಟಿಸಿದರೆ ಆಪ್ಟ್ ಹಿಂದಿನ ಆವೃತ್ತಿಗೆ ಇಳಿಯಲೂ ಸಿದ್ಧ. ಸೊನ್ನೆಗಿಂತ ಕೆಳಗಿಳಿಸಿದರೆ ಆ ಪ್ಯಾಕೇಜನ್ನು ಮುಟ್ಟುವುದಿಲ್ಲ.

ಇಲ್ಲಿರುವ ಮರ್ಮ ಬಹಳ ಜನಕ್ಕೆ ಹೊಳೆಯುವುದಿಲ್ಲ. ಸಾವಿರಾರು ಜನ ಸೇರಿ ಕಾಪಾಡಿದ ಡೆಬಿಯನ್ ಭಂಡಾರಕ್ಕೂ 500. ಯಾರೋ ಒಬ್ಬನು ರಜೆಯಲ್ಲಿ ತೆರೆದು ಮರೆತ ಭಂಡಾರಕ್ಕೂ 500. ಆಪ್ಟ್ ಕುಲ ಕೇಳುವುದಿಲ್ಲ. ಇಬ್ಬರಲ್ಲೂ ಒಂದೇ ಪ್ಯಾಕೇಜ್ ಇದ್ದರೆ ಆವೃತ್ತಿಸಂಖ್ಯೆ ಯಾರದು ದೊಡ್ಡದೋ ಅವರು ಗೆಲ್ಲುತ್ತಾರೆ. ಇದರಲ್ಲೂ ಯುಗವೆಂಬ ಬ್ರಹ್ಮಾಸ್ತ್ರವಿದೆ: ಸಂಖ್ಯೆಯ ಮುಂದೆ ಒಂದು ಹಾಕಿ ವಿಸರ್ಗದಂತೆ ಎರಡು ಚುಕ್ಕೆ ಇಟ್ಟುಬಿಟ್ಟರೆ, 1:0.1 ಎಂಬ ಎಳೆಗೂಸು 99.9 ಎಂಬ ಮುತ್ಸದ್ದಿಯನ್ನು ಸೋಲಿಸುತ್ತದೆ.

ಬ್ಯಾಕ್‌ಪೋರ್ಟ್ಸಿನ ನಡತೆ ಇದಕ್ಕೆ ವಿರುದ್ಧ. ಮುಂದಿನ ಆವೃತ್ತಿಯ ಪ್ಯಾಕೇಜನ್ನು ಬುಕ್‌ವರ್ಮ್‌ಗೆ ಒಗ್ಗಿಸಿ ಕೊಡುವಾಗ, ಅದರ ಸಂಖ್ಯೆಯ ಕೊನೆಗೆ '~ಬಿಪಿಒ12' ಎಂದು ಶುರುವಾಗುವ ಬಾಲ ಅಂಟಿಸುತ್ತಾರೆ. ಟಿಲ್ಡೆ ಎಂಬ ಆ ಅಲೆಗೆರೆ ಇರುವ ಸಂಖ್ಯೆ, ಅದಿಲ್ಲದ ಅದೇ ಸಂಖ್ಯೆಗಿಂತ ಸಣ್ಣದೆಂದು ನಿಯಮ. ಆದ್ದರಿಂದ ಟ್ರಿಕ್ಸಿಯ ನಿಜವಾದ ಪ್ಯಾಕೇಜ್ ಬಂದೊಡನೆ ಬ್ಯಾಕ್‌ಪೋರ್ಟ್ ತಾನಾಗಿ ಎದ್ದು ಜಾಗ ಬಿಡುತ್ತದೆ. ಹೊರಗಿನ ಭಂಡಾರದ ಪ್ಯಾಕೇಜಿಗೆ ಈ ಸಂಸ್ಕಾರ ಇರಲೇಬೇಕೆಂದಿಲ್ಲ. ಅದು ಮದುವೆಗೆ ಬಂದು ಆಷಾಢ ಕಳೆದರೂ ಊರಿಗೆ ಹೊರಡದ ನೆಂಟನ ಹಾಗೆ ಕೂತಿರುತ್ತದೆ; ತನಗೆ ಬೇಕಾದ ಹಳೆಯ ಲೈಬ್ರರಿಗಳನ್ನೂ ಎದ್ದುಹೋಗಲು ಬಿಡುವುದಿಲ್ಲ. ಹೊಸ ಲೈಬ್ರರಿಗೆ ಕಾದು ನಿಂತ ಇನ್ನೂರು ಪ್ಯಾಕೇಜುಗಳು ಹೊರಗೇ ನಿಂತಿರುತ್ತವೆ. ಮೊದಲ ಸೂತ್ರದಲ್ಲಿ ಹೇಳಿದ ಮಾತಿಗೆ ಕಾರ್ಯಕಾರಣ ಇದೇ.

ಹೀಗೆ ಸ್ಟೇಬಲ್, ಸಿಡ್, ಉಬುಂಟು, ಅಂಗಡಿಯವರ ಸಾಲು ಎಲ್ಲ ಬೆರೆತ ವ್ಯವಸ್ಥೆಗೆ ಡೆಬಿಯನ್ ಬಳಗದವರು ಫ್ರಾಂಕನ್‌ಡೆಬಿಯನ್ ಎನ್ನುತ್ತಾರೆ. ನಮ್ಮ ಧರ್ಮಶಾಸ್ತ್ರಕಾರರು ಸಂಕರದ ಮೇಲೆ ಬರೆದದ್ದೆಲ್ಲ ಮನುಷ್ಯರ ವಿಷಯದಲ್ಲಿ ಅಪ್ಪಟ ಸುಳ್ಳು. ಪ್ಯಾಕೇಜುಗಳ ವಿಷಯದಲ್ಲಿ ಮಾತ್ರ ಅಕ್ಷರಶಃ ನಿಜ.

ಸೂತ್ರ 4: ಪರಭಂಡಾರವನ್ನು ಮಲಗಿಸಿ ಏರು

ವ್ಯಾಖ್ಯಾನ. ಉಬುಂಟುವಿನಲ್ಲಿ ಈ ಕರ್ತವ್ಯವನ್ನು ಅಪ್‌ಗ್ರೇಡ್ ಮಾಡುವ ಪ್ರೋಗ್ರಾಮೇ ನಿರ್ವಹಿಸುತ್ತದೆ. ಹೊರಗಿನ ಸಾಲುಗಳನ್ನೆಲ್ಲ ತಾನೇ ನಿಷ್ಕ್ರಿಯಗೊಳಿಸಿ, ಇಂಥ ಆವೃತ್ತಿಗೆ ಏರುವಾಗ ನಿಲ್ಲಿಸಲಾಯಿತು ಎಂದು ಷರಾ ಬರೆದಿಡುತ್ತದೆ. ಡೆಬಿಯನ್ನಿನಲ್ಲಿ ಪುರೋಹಿತನಿಲ್ಲ, ಯಜಮಾನನೇ ಮಾಡಿಕೊಳ್ಳಬೇಕು.

ಹಳೆಯ ಬಗೆಯ ಸಾಲಾದರೆ ಅದರ ಮುಂದೆ ಹ್ಯಾಷ್ ಗುರುತು ಹಾಕುವುದು. ಡೆಬ್822 ಎಂಬ ಹೊಸ ಬಗೆಯ, '.ಸೋರ್ಸಸ್' ಎಂದು ಮುಗಿಯುವ ಫೈಲಾದರೆ, ಅದರಲ್ಲಿ 'ಎನೇಬಲ್ಡ್: ನೋ' ಎಂದು ಬರೆಯುವುದು. ಫೈಲಿನ ಹೆಸರಿಗೆ '.ಡಿಸೇಬಲ್ಡ್' ಎಂದು ಸೇರಿಸಿದರೂ ಸಾಕು, ಆಪ್ಟ್ ತುಟಿ ಪಿಟಕ್ಕೆನ್ನದೆ ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ಅಳಿಸುವುದು ನಿಷಿದ್ಧವಲ್ಲ, ಆದರೆ ಅಳಿಸಿದವನು ಮರುವಾರ ಅದೇ ವೀಡಿಯೊ ಹುಡುಕುತ್ತಾನೆ.

ಸಾಲನ್ನು ಮಲಗಿಸಿದರೂ ಅದರಿಂದ ಬಂದ ಪ್ಯಾಕೇಜುಗಳು ಎದ್ದೇ ಇರುತ್ತವೆ. ಅವುಗಳ ಪಟ್ಟಿ ತೆಗೆದು, ಬೇಡದವನ್ನು ಕಳಿಸಬೇಕು. ಹಿಡಿದಿಟ್ಟ ಪ್ಯಾಕೇಜುಗಳಿದ್ದರೆ ಆಪ್ಟ್-ಮಾರ್ಕ್ ಶೋಹೋಲ್ಡ್ ತೋರಿಸುತ್ತದೆ. ಹಳೆಯ ಪಿನ್‌ಗಳನ್ನು ಕೀಳಬೇಕು.

ಬೀಗದ ಕೈಗಳ ವಿಚಾರವೂ ಇದೇ ಅಧಿಕರಣಕ್ಕೆ ಸೇರಿದ್ದು. ಆಪ್ಟ್-ಕೀ ಮೂಲಕ ಒಂದು ಅಂಗಡಿಯ ಕೀಲಿ ಸೇರಿಸಿದರೆ, ಆ ಕೀಲಿಯ ಸಹಿಯನ್ನು ಎಲ್ಲ ಭಂಡಾರಗಳಿಗೂ ನಂಬುವ ಕಾಲವೊಂದಿತ್ತು. ಟ್ರಿಕ್ಸಿಯಲ್ಲಿ ಆಪ್ಟ್-ಕೀ ಇಲ್ಲ. ಈಗಿನ ಪದ್ಧತಿಯಲ್ಲಿ ಯಾವ ಸಾಲಿಗೆ ಯಾವ ಕೀಲಿ ಎಂದು ಸೈನ್ಡ್-ಬೈ ಹಾಕಿ ಬರೆಯಬೇಕು. ಒಬ್ಬನ ಕೀಲಿಯಿಂದ ಇನ್ನೊಬ್ಬನ ಬಾಗಿಲು ತೆರೆಯದಿರಲಿ ಎಂಬಷ್ಟು ಸರಳ ತತ್ತ್ವಕ್ಕೆ ಬರಲು ಇಷ್ಟು ವರ್ಷ ಬೇಕಾಯಿತೆಂದು ನಗುವವರು, ತಮ್ಮ ಪಾಸ್‌ವರ್ಡುಗಳನ್ನು ಒಮ್ಮೆ ನೆನೆಯಬಹುದು.

ಸೂತ್ರ 5: ಮೊದಲು ಅಲ್ಪ, ಆಮೇಲೆ ಪೂರ್ಣ, ಮೆಟ್ಟಿಲು ಹಾರಬೇಡ

ವ್ಯಾಖ್ಯಾನ. ಬುಕ್‌ವರ್ಮ್ ಪೂರ್ತಿ ನವೀಕೃತವಾಗಿದೆಯೆಂದು ಖಚಿತವಾದ ಮೇಲೆ ಹೆಸರು ಬದಲಿಸಿ ಆಪ್ಟ್ ಅಪ್‌ಡೇಟ್. ನಂತರ ಹೊಸ ಪ್ಯಾಕೇಜ್ ಸೇರಿಸದ ಅಲ್ಪ ಅಪ್‌ಗ್ರೇಡ್. ಅದು ಮುಗಿದ ಮೇಲೆ ಫುಲ್-ಅಪ್‌ಗ್ರೇಡ್.

ಪೂರ್ವಪಕ್ಷ: ಮೊದಲನೆಯದರಲ್ಲೇ ನಿಲ್ಲಿಸಿದರೇನು?

ಸಿದ್ಧಾಂತ: ಸಾಧಾರಣ ಅಪ್‌ಗ್ರೇಡ್ ಅಹಿಂಸಾವಾದಿ, ಇದ್ದ ಒಂದು ಪ್ಯಾಕೇಜನ್ನೂ ತೆಗೆಯುವುದಿಲ್ಲ. ಆದರೆ ತೆಗೆಯದೆ ಹೊಸದು ಬರದ ಸಂದರ್ಭಗಳುಂಟು. 32 ಬಿಟ್ಟಿನಲ್ಲಿ ಎಣಿಸುವ ಕಾಲವು 2038ರ ಜನವರಿ 19ರಂದು ಉಕ್ಕಿ ಹರಿದು ಕಲ್ಪಾಂತ್ಯವಾಗುತ್ತದೆ. ಅದನ್ನು ತಪ್ಪಿಸಲು ಟ್ರಿಕ್ಸಿಯಲ್ಲಿ ಐ386 ಒಂದನ್ನು ಬಿಟ್ಟು ಉಳಿದೆಲ್ಲ ಪ್ರೊಸೆಸರ್ ವಾಸ್ತುಗಳಲ್ಲೂ ಕಾಲಗಣನೆ 64 ಬಿಟ್ಟಿನದು. ಅದಕ್ಕಾಗಿ ನೂರಾರು ಲೈಬ್ರರಿಗಳು 'ಟಿ64' ಎಂಬ ಬಾಲ ಸೇರಿಸಿಕೊಂಡು ಮರುನಾಮಕರಣಗೊಂಡಿವೆ. ಹಳೆಯ ಹೆಸರಿನದನ್ನು ಕಳಿಸದೆ ಹೊಸ ಹೆಸರಿನದು ಒಳಗೆ ಬರಲಾರದು. ಪ್ರಳಯ ತಪ್ಪಿಸಲು ಕಿಂಚಿತ್ ಹಿಂಸೆ ವಿಹಿತ.

ಪುನಃ ಪೂರ್ವಪಕ್ಷ: ಬುಲ್ಸ್‌ಐಯಿಂದ ನೇರ ಟ್ರಿಕ್ಸಿಗೆ ಹಾರಿದರೆ?

ಸಿದ್ಧಾಂತ: ನಡುವಿನ ಆವೃತ್ತಿಯನ್ನು ಬಿಟ್ಟು ಹಾರುವುದಕ್ಕೆ ಬೆಂಬಲವಿಲ್ಲ. ಹಾರಿಯೂ ಬದುಕಿದವರುಂಟು ಎಂದರೆ, ಅವರ ಕಥೆ ಹೇಳಲು ಅವರಿದ್ದಾರೆ, ಅಷ್ಟೆ.

ಪ್ರಾಯಶ್ಚಿತ್ತ ಪ್ರಕರಣ

404 ಕಂಡರೆ: ಬಹುಶಃ ಆವೃತ್ತಿಗೆ ಆಯಸ್ಸು ಮುಗಿದಿದೆ. ಅದು ಮಾಮೂಲಿ ಕನ್ನಡಿ ಸರ್ವರುಗಳನ್ನು ಬಿಟ್ಟು ಆರ್ಕೈವ್ ಸರ್ವರಿನ ಪಿತೃಲೋಕಕ್ಕೆ ಹೋಗಿರುತ್ತದೆ. ಸಾಲಿನ ವಿಳಾಸವನ್ನು ಅಲ್ಲಿಗೆ ತಿರುಗಿಸಬೇಕು. ಅಲ್ಲಿನ ದಾಖಲೆಯ ವಾಯಿದೆ ಮೀರಿದೆಯೆಂದು ಆಪ್ಟ್ ತಕರಾರು ಮಾಡಿದರೆ, ಚೆಕ್-ವ್ಯಾಲಿಡ್-ಅಂಟಿಲ್ ಎಂಬುದಕ್ಕೆ ನೋ ಎನ್ನಬೇಕು.

ನಡುವೆ ಕರೆಂಟು ಹೋದರೆ: ಡಿಪಿಕೆಜಿ ಕಾನ್ಫಿಗರ್ ವಿಧಿ, ಅದರ ಹಿಂದೆಯೇ ಆಪ್ಟ್ ಫಿಕ್ಸ್-ಬ್ರೋಕನ್ ವಿಧಿ.

ನೀವು ತಿದ್ದಿದ ಸಂರಚನೆಯ ಫೈಲನ್ನು ಉಳಿಸಲೇ, ಹೊಸದನ್ನು ಹಾಕಲೇ ಎಂದು ಕೇಳಿದರೆ: ಸುಮ್ಮನೆ ಎಂಟರ್ ಒತ್ತಿದವನಿಗೆ ಅವನ ಹಳೆಯದೇ ಉಳಿಯುತ್ತದೆ. ಯೋಚಿಸದವನ ಮೇಲೂ ದಯೆಯಿರುವ ಏಕೈಕ ಘಟ್ಟ ಇದು.

ವ್ಯವಸ್ಥೆಗೆ ಅತ್ಯಗತ್ಯವಾದುದನ್ನೇ ಕಿತ್ತುಹಾಕಲು ಹೊರಟರೆ: 'ಹೌದು, ನಾನು ಹೇಳಿದಂತೆ ಮಾಡು!' ಎಂಬರ್ಥದ ಇಂಗ್ಲಿಷ್ ವಾಕ್ಯವನ್ನು ಆಶ್ಚರ್ಯಸೂಚಕದ ಸಮೇತ, ಅಕ್ಷರ ತಪ್ಪದೆ ಟೈಪಿಸಬೇಕೆಂಬ ನಿಯಮ ಹಿಂದೆ ಇತ್ತು. ಅದನ್ನು ಟೈಪಿಸಿದ ನಂತರಕ್ಕೆ ಪ್ರಾಯಶ್ಚಿತ್ತವಿರಲಿಲ್ಲ. ಪುನರ್ಜನ್ಮವೇ, ಪೆನ್‌ಡ್ರೈವಿನ ಮೂಲಕ.

ಫಲಶ್ರುತಿ

ಇಷ್ಟನ್ನೂ ವಿಧಿವತ್ತಾಗಿ ನಡೆಸಿದವನಿಗೆ ಸಿಗುವ ಫಲ: ಏನೂ ಆಗುವುದಿಲ್ಲ. ಪರದೆಯ ಹಿನ್ನೆಲೆ ಚಿತ್ರ ಬದಲಾಗುತ್ತದೆ. ಪ್ರಿಂಟರ್ ಮುಂಚಿನಷ್ಟೇ ಹಟ ಮಾಡುತ್ತದೆ. ಮನೆಯವರು, ಭಾನುವಾರವೆಲ್ಲ ಇದರ ಮುಂದೆ ಕೂತು ಏನು ಮಾಡಿದಿ ಎಂದು ಕೇಳಿದರೆ ತೋರಿಸಲು ಒಂದೂ ಇರುವುದಿಲ್ಲ. ಅಪ್‌ಗ್ರೇಡ್ ಮಾಡುವವನಿಗೆ ಇದಕ್ಕಿಂತ ದೊಡ್ಡ ಪುರುಷಾರ್ಥವಿಲ್ಲವೆಂದು ಶಾಸ್ತ್ರದ ನಿಶ್ಚಯ.

ಇದೆಲ್ಲ ಡೆಬಿಯನ್ನಿನ ಬಿಡುಗಡೆ ಟಿಪ್ಪಣಿಗಳ ನಾಲ್ಕನೆಯ ಅಧ್ಯಾಯದಲ್ಲಿ ಆಗಲೇ ಇದೆಯಲ್ಲ, ಹೊಸ ಗ್ರಂಥವೇಕೆ ಎಂದು ಕೊನೆಯ ಆಕ್ಷೇಪ. ಇದೆ, ಸ್ಪಷ್ಟವಾಗಿಯೇ ಇದೆ. ಆದರೆ ಏರಿದ ಸಂತೋಷದಲ್ಲಿರುವವನು ಅದೇ ವಾರ ಹೊಸದೊಂದು ಪ್ರೋಗ್ರಾಮಿನ ಆಸೆಗೆ ಬಿದ್ದು, ಯಾವುದೋ ಪುಟದಿಂದ ಒಂದು ಸಾಲನ್ನು ಕಾಪಿ ಮಾಡಿ, ಸೂಡೋ ಹಾಕಿ, ಸೋರ್ಸಸ್.ಲಿಸ್ಟ್.ಡಿಯೊಳಗೆ ಇಳಿಸುತ್ತಾನೆ. ಡೆಬಿಯನ್ನಿನ ಹೊಸ ಆವೃತ್ತಿ ಸುಮಾರು ಎರಡು ವರ್ಷಕ್ಕೊಮ್ಮೆ ಬರುತ್ತದೆ. ಒಂದು ಸಾಲನ್ನು ಮರೆಯಲು ಅಷ್ಟು ಕಾಲ ಧಾರಾಳ ಸಾಕು. ಆದ್ದರಿಂದ ಈ ಶಾಸ್ತ್ರಕ್ಕೆ ಶಿಷ್ಯರ ಅಭಾವ ಎಂದೂ ಬರಲಾರದು.