ಮುಚ್ಚಳ ಎತ್ತುವ ಕಾಕು

ಕಾಕು ಚಪ್ಪಲಿ ಬಿಡುವುದು ಹೊರಬಾಗಿಲಲ್ಲಿ, ನಿಲ್ಲುವುದು ಗ್ಯಾಸ್ ಒಲೆಯ ಮುಂದೆ. ನಡುವೆ ಹಾಲ್ ಅಂತ ಒಂದಿದೆ, ಅಲ್ಲಿ ಸೋಫಾ ಇದೆ, ಸೋಫಾದ ಮೇಲೆ ಮನೆಯ ಯಜಮಾನರು ಪೇಪರ್ ಹಿಡಿದು ಕೂತಿದ್ದಾರೆ ಎಂಬುದೆಲ್ಲ ಅವರ ಗಮನಕ್ಕೆ ಬರುವುದು ಹೊರಡುವಾಗ. ಒಲೆಯ ಮುಂದೆ ನಿಂತದ್ದೇ ತಡ, ಎಡಗೈ ಸೆರಗಿಗೆ ಹೋಗುತ್ತದೆ, ಸೆರಗು ಪಾತ್ರೆಯ ಮುಚ್ಚಳಕ್ಕೆ. ಹಬೆ ಮುಖಕ್ಕೆ ಬಡಿಯುತ್ತದೆ. ಕಣ್ಣು ಮುಚ್ಚಿ ಒಮ್ಮೆ ಉಸಿರೆಳೆದುಕೊಂಡು ಕಾಕು ತೀರ್ಪು ಕೊಡುತ್ತಾರೆ: “ಹುಳಿ ಲಗೂನ ಹಾಕಿಬಿಟ್ಟೀಯಲ್ಲವಾ. ಬ್ಯಾಳಿ ಇನ್ನ ಬೆಂದಿಲ್ಲ.”

ಸಿಟ್ಟು ಬರುವ ಸಂಗತಿ ಏನೆಂದರೆ, ಬೇಳೆ ನಿಜಕ್ಕೂ ಬೆಂದಿರುವುದಿಲ್ಲ.

ಬೆಳಗಾವಿಯ ಗಲ್ಲಿಗೊಬ್ಬರಂತೆ ಇಂಥ ಕಾಕುಗಳಿದ್ದಾರೆ. ಟಿಳಕವಾಡಿಯಲ್ಲಿದ್ದಾರೆ, ಶಹಾಪುರದಲ್ಲಿದ್ದಾರೆ, ವಡಗಾವಿಯಲ್ಲಿ ನೇಕಾರರ ಮಗ್ಗದ ಸದ್ದನ್ನೂ ಮೀರಿ ಕೇಳಿಸುವವರಿದ್ದಾರೆ. ಅರವತ್ತು ದಾಟಿದೆ, ಮಂಡಿ ನೋವಿದೆ, ಆದರೆ ಅಡುಗೆಮನೆಯ ಹೊಸ್ತಿಲು ದಾಟುವಾಗ ಮಾತ್ರ ನೋವಿಲ್ಲ. ಮನೆಯಲ್ಲಿ ಕನ್ನಡ, ಕಾಯಿಪಲ್ಯೆಯವಳ ಹತ್ತಿರ ಮರಾಠಿ, ಸಿಲಿಂಡರ್ ತರುವ ಹುಡುಗನ ಹತ್ತಿರ ಹಿಂದಿ. ಸಲಹೆ ಕೊಡುವಾಗ ಮೂರೂ. ತವರು ಖಾನಾಪುರ ತಾಲೂಕು. ಇದು ಬಹಳ ಮುಖ್ಯ. ಬೆಳಗಾವಿಯಿಂದ ಖಾನಾಪುರ 25 ಕಿಲೋಮೀಟರ್ ಚಿಲ್ಲರೆ ದೂರ, ಆದರೆ ಕಾಕುವಿನ ಲೆಕ್ಕದಲ್ಲಿ ಅದು ಸುಪ್ರೀಂ ಕೋರ್ಟು. “ನಮ್ಮ ಖಾನಾಪುರದಾಗ ಹಿಂಗ ಮಾಡೂದಿಲ್ಲ” ಎಂದರೆ ಮುಗಿಯಿತು, ಮೇಲ್ಮನವಿಗೆ ಅವಕಾಶವಿಲ್ಲ. ಖಾನಾಪುರದಲ್ಲಿ ಈಗ ಏನು ಮಾಡುತ್ತಾರೆ ಎಂದು ಕೇಳುವ ಧೈರ್ಯ ಯಾರಿಗಿದೆ? ಮದುವೆಯಾಗಿ ಬಂದಾಗ ಬೋರ್ಡಿನ ಮೇಲೆ ‘ಬೆಲ್ಗಾಂ’ ಇತ್ತು, 2014ರ ನವೆಂಬರ್ 1ರಿಂದ ‘ಬೆಳಗಾವಿ’ ಆಯಿತು. ಕಾಕುವಿನ ಖಾನಾಪುರ ಮಾತ್ರ ಅವರು ಬಿಟ್ಟು ಬಂದ ದಿನ ಇದ್ದಹಾಗೇ ಇದೆ.

ಇವರನ್ನು ಹತ್ತಿರದಿಂದ ಬಲ್ಲವರಿಗೆ ಒಂದು ವಿಷಯ ಗೊತ್ತಿರುತ್ತದೆ. ಕಾಕುವಿನ ಕೈ ಸರಿ, ಕಾರಣ ತಪ್ಪು. ಮಾಡು ಎಂದದ್ದನ್ನು ಮಾಡಿದರೆ ಅಡುಗೆ ಕೆಡುವುದಿಲ್ಲ. ಯಾಕೆ ಎಂದು ಕೇಳಿದರೆ ತಲೆ ಕೆಡುತ್ತದೆ.

ಬೇಳೆಯನ್ನೇ ತೆಗೆದುಕೊಳ್ಳಿ. ಊರಿಗೆ ಕುಡಿಯುವ ನೀರು ಮಾರ್ಕಂಡೇಯ ನದಿಯ ರಾಕಸಕೊಪ್ಪ ಜಲಾಶಯದಿಂದಲೂ ಬರುತ್ತದೆ, ಘಟಪ್ರಭೆಯ ಹಿಡಕಲ್‌ನಿಂದಲೂ ಬರುತ್ತದೆ. ಇಂದು ಯಾವ ಗಲ್ಲಿಗೆ ಯಾವ ನೀರು ಎಂಬುದನ್ನು ಕಾಕು ಕುಕ್ಕರ್ ತೆರೆದು ಹೇಳಬಲ್ಲರು. “ನೋಡ, ಇವತ್ತ ಹಿಡಕಲ್ ನೀರ ಬಿಟ್ಟಾರ. ಬ್ಯಾಳಿ ಕಲ್ಲ ಆಗೇದ.” ಆ ಮನೆಯಲ್ಲಿ ಬಳಸುವುದು ಬೋರ್‌ವೆಲ್ ನೀರು ಎಂದು ಸೊಸೆ ಹೇಳಿದರೆ, “ಬೋರಿಗೂ ಅದ ಇಳದ ಬಂದಿರ್ತದ” ಎನ್ನುತ್ತಾರೆ. ಹಿಡಕಲ್ ಪಾಪ ಏನೂ ಮಾಡಿರುವುದಿಲ್ಲ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಳೆಯ ಸಿಪ್ಪೆ, ತಿರುಳನ್ನು ಬಿಗಿ ಹಿಡಿಯುತ್ತವೆ. ಹುಣಸೆಹುಳಿಯೂ ಟೊಮ್ಯಾಟೊ ಕೂಡ ಬೇಯುವುದಕ್ಕೆ ಮೊದಲೇ ಬಿದ್ದರೆ ಅದೇ ಕೆಲಸ ಮಾಡುತ್ತವೆ. ಹಾಗಾಗಿ ಬೇಳೆ ಅರ್ಧ ತಾಸು ನೆನೆಸಿ, ಬೋರ್ ನೀರಾದರೆ ಚಿಟಿಕೆ ಸೋಡಾ ಹಾಕಿ, ಹುಳಿಯನ್ನು ಕೊನೆಗೆ ಬಿಡಬೇಕು. ಕಾಕು ಹೇಳುವುದೂ ಚಾಚೂ ತಪ್ಪದೆ ಇದನ್ನೇ. ನಡುವೆ ಬರುವ ಅಣೆಕಟ್ಟನ್ನು ನಾವು ಬಿಟ್ಟುಕೊಳ್ಳಬೇಕು, ಅಷ್ಟೆ.

ಕುಕ್ಕರ್ ಸೀಟಿಯದು ಬೇರೆ ಶಾಸ್ತ್ರ. ಕಾಕು ತಮ್ಮ ಮನೆಯ ಕಟ್ಟೆಯ ಮೇಲೆ ಅವರೇಕಾಯಿ ಸುಲಿಯುತ್ತ ಕೂತು ಮೂರು ಮನೆಗಳ ಸೀಟಿ ಒಟ್ಟಿಗೆ ಎಣಿಸುತ್ತಾರೆ. “ಏ, ನಿಂದ ನಾಕ ಆತ! ಆರಸು!” ಎಂಬ ಕೂಗು ಬಂದಾಗ ಮೂರೂ ಮನೆಯವರು ಒಲೆ ಆರಿಸುತ್ತಾರೆ, ಯಾರಿಗೆ ಹೇಳಿದ್ದೆಂದು ಗೊತ್ತಿಲ್ಲದ್ದರಿಂದ. ಅವರ ಪ್ರಕಾರ ಮೊದಲ ಸೀಟಿ ಲೆಕ್ಕಕ್ಕಿಲ್ಲ, “ಅದು ಬರೇ ಗಾಳಿ.” ಇದರಲ್ಲಿ ತಕ್ಕಮಟ್ಟಿಗೆ ಸತ್ಯವಿದೆ. ಅಸಲಿಗೆ ಸೀಟಿ ಎಣಿಸುವುದೇ ಅರ್ಧ ನಂಬಿಕೆಯ ಕೆಲಸ. ಉರಿ ದೊಡ್ಡದಿದ್ದರೆ ಐದು ನಿಮಿಷಕ್ಕೆ ಆರು ಕೂಗುತ್ತದೆ, ಸಣ್ಣದಿದ್ದರೆ ಕೂಗುವುದೇ ಇಲ್ಲ. ಮೊದಲ ಸೀಟಿಯ ನಂತರ ಉರಿ ತಗ್ಗಿಸಿ ಗಡಿಯಾರ ನೋಡುವುದು ಜಾಣತನ. ಆದರೆ ಗಡಿಯಾರ ನೋಡುವವರಿಗೆ ಕಟ್ಟೆಯಿಂದ ಕೂಗಿ ಹೇಳುವುದಕ್ಕೆ ಏನೂ ಉಳಿಯುವುದಿಲ್ಲವಾದ್ದರಿಂದ ಕಾಕು ಈ ಪದ್ಧತಿಗೆ ಒಪ್ಪಿಗೆ ಕೊಟ್ಟಿಲ್ಲ.

ಜೋಳದ ರೊಟ್ಟಿಯ ವಿಷಯದಲ್ಲಿ ಅವರನ್ನು ನೋಡಬೇಕು. ಹಿಟ್ಟಿನ ಡಬ್ಬಿ ತೆರೆದು ಒಂದು ಚಿಟಿಕೆ ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ, ಮೂಗಿನ ಹತ್ತಿರ ತಂದು, “ಬೀಸಿಸಿ ತಿಂಗಳಾತಲ್ಲ?” ಎನ್ನುತ್ತಾರೆ. ಆಗಿರುತ್ತದೆ. ಹಳೆಯ ಹಿಟ್ಟಿನ ರೊಟ್ಟಿ ಅಂಚಿನಲ್ಲಿ ಬಿರಿಯುತ್ತದೆ. ಆಮೇಲೆ ನೀರು. “ಬೆಚ್ಚಗಲ್ಲ, ಕುದೀಬೇಕ. ಜ್ವಾಳಕ್ಕ ಬಿಸಿ ಮುಟ್ಟಿದ್ರನ ಒಗ್ಗಟ್ಟ ಬರ್ತದ.” ಗೋಧಿಯಲ್ಲಿ ಹಿಟ್ಟನ್ನು ಹಿಡಿದಿಡುವ ಅಂಟು ತಾನಾಗಿ ಇದೆ, ಜೋಳದಲ್ಲಿ ಅದಿಲ್ಲ, ಕುದಿನೀರು ಜೋಳದ ಪಿಷ್ಟವನ್ನು ಗಂಜಿಯಾಗಿಸಿ ಆ ಕೊರತೆ ತುಂಬುತ್ತದೆ. ಕಾಕುವಿನ ಒಗ್ಗಟ್ಟಿನ ಸಿದ್ಧಾಂತವೂ ಇದಕ್ಕಿಂತ ಬಹಳ ದೂರವಿಲ್ಲ. ಕುದಿನೀರನ್ನು ಹಿಟ್ಟಿನ ನಡುವಿನ ಗುಂಡಿಗೆ ಸುರಿದು ಮೊದಲು ಸೌಟಿನ ಹಿಡಿಯಿಂದ ತಿರುವಿ, ಕೈ ತಾಳುವಷ್ಟಾದಾಗ ಅಂಗೈಯ ಬುಡದಿಂದ ನಾದುತ್ತಾರೆ. ತಟ್ಟಿದ್ದನ್ನು ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ಮೇಲ್ಮೈಗೆ ನೀರು ಸವರಿ, ನೀರು ಪೂರ್ತಿ ಆರುವ ಮೊದಲು, ಆದರೆ ಹಸಿ ಮಿರುಗು ಹೋದ ಮೇಲೆ ಮಗುಚುತ್ತಾರೆ. ಆ ಕ್ಷಣ ಯಾವುದೆಂದು ಮಾತ್ರ ಅವರು ಇದುವರೆಗೆ ಯಾರಿಗೂ ಹೇಳಿಕೊಟ್ಟಿಲ್ಲ. “ಅದ ಕೇಳ್ತದ” ಎನ್ನುತ್ತಾರೆ. ಎಷ್ಟು ಕಿವಿಗೊಟ್ಟರೂ ನಮಗೆ ಕೇಳಿಸುವುದು ಎಕ್ಸಾಸ್ಟ್ ಫ್ಯಾನಿನ ಸದ್ದೇ.

ಕೈಯೂ ತಪ್ಪು, ಕಾರಣವೂ ತಪ್ಪು ಆಗುವ ಸಂದರ್ಭಗಳೂ ಉಂಟು. ಸಾರಿಗೆ ಉಪ್ಪು ಹೆಚ್ಚಾದರೆ ಬಟಾಟಿ ಹಾಕುವುದು ಅಂಥದ್ದು. ವಾಸ್ತುಶಾಂತಿಯೊಂದರಲ್ಲಿ ಅಡುಗೆಯವರ ಹಂಡೆಗೆ ಕಾಕು ಸಿಪ್ಪೆ ತೆಗೆದ ಬಟಾಟಿ ಹಾಕಿಸಿದರು. ಬಟಾಟಿ ಉಪ್ಪನ್ನಷ್ಟೇ ಆರಿಸಿ ಹೀರಿಕೊಳ್ಳುವ ಪ್ರಾಣಿಯಲ್ಲ. ಉಪ್ಪುನೀರನ್ನು ಹೀರುತ್ತದೆ, ಉಳಿದ ಸಾರು ಮೊದಲಿನಷ್ಟೇ ಉಪ್ಪಾಗಿರುತ್ತದೆ. ಪರಿಣಾಮವಾಗಿ ಅಂದು ಎಲೆಯ ಮೇಲೆ ಉಪ್ಪಾದ ಸಾರೂ ಇತ್ತು, ಉಪ್ಪಾದ ಬಟಾಟಿಯೂ ಇತ್ತು. ಆದರೂ ಈ ಉಪಾಯ ಊರೂರಲ್ಲಿ ಹೇಗೆ ಬದುಕಿದೆ? ಬಟಾಟಿ ಹಾಕುವವರು ಜೊತೆಗೆ ಒಂದು ತಂಬಿಗೆ ನೀರನ್ನೂ ಹಾಕುತ್ತಾರೆ, ಇನ್ನೊಂದಿಷ್ಟು ಬೇಳೆಯನ್ನೂ ಮಸೆದು ಬಿಡುತ್ತಾರೆ. ಕೆಲಸ ನೀರಿನದು, ಹೆಸರು ಬಟಾಟಿಯದು. ಕಚೇರಿಗಳಲ್ಲಿ ಕೆಲಸ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೇಸಿಗೆ ಬಂತೆಂದರೆ ವರ್ಷದ ಖಾರ. ರವಿವಾರ ಪೇಟೆಯಿಂದ ಮೆಣಸಿನಕಾಯಿ ತಂದು ಮಾಳಿಗೆಯ ಮೇಲೆ ಹರವಿ ಮೂರು ಬಿಸಿಲು ಕಾಣಿಸಬೇಕು. ಯಾವುದು ಎಷ್ಟು ಎಂದರೆ ಕಾಕು ಹೇಳುವುದು ಒಂದೇ ಸಾಲು: “ಬ್ಯಾಡಗಿ ಬಣ್ಣಕ್ಕ, ಸಂಕೇಶ್ವರಿ ಬುದ್ಧಿ ಕಲಸಾಕ.” ಕುಟ್ಟಿಸಿ ತಂದ ಖಾರವನ್ನು ಬಿಸಿ ಆರಿದ ಮೇಲೆ ಬರಣಿಗೆ ಒತ್ತಿ ತುಂಬಿ, ನಡುವೆ ಇಂಗಿನ ಹರಳಿಟ್ಟು, ಒದ್ದೆ ಚಮಚ ತೋರಿಸಿದವರಿಗೆ ಬೈಗುಳ ಮೀಸಲಿಡುತ್ತಾರೆ.

ಮಳೆಗಾಲದಲ್ಲಿ ಕಾಕು ತವರಿಗೆ ಹೋಗಿ ಬರುತ್ತಾರೆ. ದೇಸೂರು, ಇದಲಹೊಂಡ ದಾಟಿ ಲೋಂಡಾ ಕಡೆಗೆ ಹೋಗುವ ರೈಲು. ಬರುವಾಗ ಚೀಲದಲ್ಲಿ ಒಣಗಿದ ಮುರುಗಲು, ಎಣ್ಣೆ ಸವರಿದ ಕತ್ತಿಯಿಂದ ಕೊರೆದು ಪೊಟ್ಟಣ ಕಟ್ಟಿದ ಹಲಸಿನ ತೊಳೆ, ಕೆಲವೊಮ್ಮೆ ಒಂದು ಗಡಿಗೆ. ಖಾನಾಪುರದ ಮಣ್ಣು ಕುಂಬಾರಿಕೆಗೆ ಹೆಸರಾದದ್ದು. ಖಾದಿ ಗ್ರಾಮೋದ್ಯೋಗ ಆಯೋಗದವರು ಗ್ರಾಮ ಕುಂಬಾರಿಕೆ ಕಲಿಸುವ ಸಂಸ್ಥೆಯನ್ನು ನಡೆಸುತ್ತಿರುವುದೂ ಅಲ್ಲಿಯೇ. ಈಗ ಮಣ್ಣಿನ ಪಾತ್ರೆಯ ಅಡುಗೆಗೆ ಮತ್ತೆ ಫ್ಯಾಷನ್ ಬಂದಿರುವುದರಿಂದ ಹೊಸ ಸೊಸೆಯಂದಿರು ಗಡಿಗೆ ತಂದು, ತಂದ ದಿನವೇ ದೊಡ್ಡ ಉರಿಗೆ ಇಟ್ಟು, ಠಪ್ ಎನ್ನಿಸಿ ಕಾಕುವಿನ ಕಡೆ ನೋಡುತ್ತಾರೆ. “ಗಡಗೀಗೆ ಮೊದಲ ನಾವ ಉಣಸಬೇಕ, ಆಮ್ಯಾಲ ಅದು ನಮಗ ಉಣಸ್ತದ.” ಒಂದು ದಿನ ಪೂರ್ತಿ ನೀರಲ್ಲಿ ಮುಳುಗಿಸಿಟ್ಟು, ಮರುದಿನ ಅಕ್ಕಿಗಂಜಿ ತುಂಬಿ ಸಣ್ಣ ಉರಿಯಲ್ಲಿ ಕುದಿಸಿ, ತಾನಾಗಿ ಆರಲು ಬಿಡಬೇಕು. ಗಂಜಿಯ ಪಿಷ್ಟ ಮಣ್ಣಿನ ಸಣ್ಣ ರಂಧ್ರಗಳಲ್ಲಿ ಕೂತು ಸೋರುವುದನ್ನು ನಿಲ್ಲಿಸುತ್ತದೆ. ಈ ಒಂದರಲ್ಲಿ ಕಾಕುವಿನ ಕಾರಣವೂ ಸರಿ.

ಮುರುಗಲಿನ ಸೋಲ್ ಕಡಿಯಲ್ಲೂ ಅವರ ಮಾತು ಕೇಳಬೇಕು. ತೆಂಗಿನ ಹಾಲಿಗೆ ಮುರುಗಲಿನ ರಸ ಬಿದ್ದ ಮೇಲೆ ಒಲೆಗೆ ಇಟ್ಟರೆ ಹಾಲು ಒಡೆದು ಮೊಸರಿನ ಹಾಗೆ ಚೂರಾಗುತ್ತದೆ. ಒಗ್ಗರಣೆ ಬೇರೆ ಮಾಡಿ ಮೇಲೆ ಸುರಿಯಬೇಕು. ಬೆಲ್ಲದ ಪಾಯಸಕ್ಕೂ ಇದೇ ನಿಯಮ: ಕುದಿಯುವ ಹಾಲಿಗೆ ಬೆಲ್ಲ ಬೇಡ, ಒಲೆ ಆರಿಸಿ ಸ್ವಲ್ಪ ತಣಿದ ಮೇಲೆ.

ಅಣಬೆಯಲ್ಲಿ ಮಾತ್ರ ಅವರ ಮಾತು ಕೇಳಲೇಬಾರದು. ಮೊದಲ ಮಳೆ ಬಿದ್ದು ಕಾಡಿನ ಅಣಬೆ ಮಾರಾಟಕ್ಕೆ ಬಂದಾಗ, ಬೇಯುವ ಅಣಬೆಗೆ ಬೆಳ್ಳುಳ್ಳಿ ಎಸಳು ಹಾಕಿ, ಅದು ಕಪ್ಪಾಗದಿದ್ದರೆ ವಿಷವಿಲ್ಲ ಎನ್ನುತ್ತಾರೆ ಕಾಕು. ಶುದ್ಧ ಸುಳ್ಳು. ಕೊಲ್ಲುವ ಅಣಬೆಯಲ್ಲೂ ಬೆಳ್ಳುಳ್ಳಿ ಬೆಳ್ಳಗೇ ಇರುತ್ತದೆ, ಬೆಳ್ಳಿ ನಾಣ್ಯವೂ ಹೊಳೆಯುತ್ತಲೇ ಇರುತ್ತದೆ. ಕಾಕು ಇಷ್ಟು ವರ್ಷ ಉಳಿದಿರುವುದು ಬೆಳ್ಳುಳ್ಳಿಯಿಂದಲ್ಲ, ಅಣಬೆಯನ್ನು ಹುಟ್ಟಿದಾಗಿನಿಂದ ಬಲ್ಲ ಹಳ್ಳಿಯ ಹೆಂಗಸರ ಹತ್ತಿರವೇ ಕೊಂಡದ್ದರಿಂದ. ಗುರುತಿಲ್ಲದ್ದನ್ನು ಬಿಡುವುದೇ ಇಲ್ಲಿರುವ ಒಂದೇ ಪರೀಕ್ಷೆ.

ಮೊಬೈಲ್‌ನಲ್ಲಿ ಅಡುಗೆ ವಿಡಿಯೋ ನೋಡುವ ಸೊಸೆಯಂದಿರ ಬಗ್ಗೆ ಕಾಕುವಿಗೆ ಕನಿಕರವಿದೆ. ಪಕ್ಕದಲ್ಲಿ ಕೂತು ತಾವೂ ನೋಡುತ್ತಾರೆ. ಒಮ್ಮೆ ಪೂರ್ತಿ ನೋಡಿ ಮುಗಿಸಿ ಹೇಳಿದರು: “ತೋರಸಾಕಿ ಬ್ಯಾರೆ, ಮಾಡಿದಾಕಿ ಬ್ಯಾರೆ. ಹಿಟ್ಟ ನಾದೂ ಮುಂದ ಇಕಿ ಕೈಯಾಗ ಬಳಿ ಸರದಾಡವಲ್ವು.” ವಿಡಿಯೋ ಮತ್ತೆ ಹಾಕಿ ನೋಡಿದರೆ, ಬಳೆ ಇದ್ದಲ್ಲೇ ಇದ್ದವು.

ಇಂಥವರು ಬಾಯಿ ಮುಚ್ಚುವ ಒಂದು ಜಾಗವಿದೆ. ಬೆಳಗಾವಿಯ ಮದುವೆ ಮನೆಯ ಹಿತ್ತಲಲ್ಲಿ ಮಂಡಿಗೆ ಮಾಡುವವರ ಎದುರು. ಮೈದಾ, ಸಣ್ಣ ರವೆ ಸೇರಿಸಿ ನಾದಿ ನಾದಿ ನೆನೆಸಿಟ್ಟ ಕಣಕವನ್ನು ಮಂಡಿಗೆಯವಳು ಎರಡೂ ಮುಂಗೈಗಳ ಮೇಲೆ ಹಾಕಿಕೊಂಡು ತಿರುಗಿಸುತ್ತ ಹೋದಂತೆ ಅದು ಅಗಲವಾಗುತ್ತದೆ, ತೆಳ್ಳಗಾಗುತ್ತದೆ, ಆಚೆ ನಿಂತವರ ಸೀರೆಯ ಬಣ್ಣ ಕಾಣುವಷ್ಟಾಗುತ್ತದೆ. ಬೋರಲು ಹಾಕಿದ ಗಡಿಗೆಯ ಬೆನ್ನ ಮೇಲೆ ಒಮ್ಮೆಗೇ ಬೀಸಿ ಹಾಸುತ್ತಾಳೆ. ಸುಕ್ಕಿಲ್ಲ. ಕೂಡಲೇ ಸಕ್ಕರೆಪುಡಿ, ಖವೆ, ತುಪ್ಪ. ಬಿಸಿಯಿರುವಾಗಲೇ ನಾಲ್ಕೂ ಬದಿಯಿಂದ ಮಡಿಕೆ. ತಣ್ಣಗಾದರೆ ಮಡಿಸಲು ಬರುವುದಿಲ್ಲ, ಪುಡಿಯಾಗುತ್ತದೆ. ಮನಸ್ಸಿನಲ್ಲಿ ಮಂಡಿಗೆ ಮೆಲ್ಲುವುದು ಯಾರಿಗೂ ಸಾಧ್ಯ, ಮುಂಗೈ ಮೇಲೆ ಬಿಡಿಸುವುದು ಬೆರಳೆಣಿಕೆಯವರಿಗೆ. ಕಾಕು ಕುರ್ಚಿ ಎಳೆದುಕೊಂಡು ಸೆರಗು ಹೊದ್ದು ಕೂರುತ್ತಾರೆ, ನೋಡುತ್ತಾರೆ, ಮಾತಿಲ್ಲ. ಬಹಳ ಹೊತ್ತಾದ ಮೇಲೆ ಪಕ್ಕದವರ ಕಿವಿಯಲ್ಲಿ, “ಉರಿ ಒಂಚೂರ ಜಾಸ್ತಿ ಆತೇನ?” ಎನ್ನುತ್ತಾರೆ. ಮಂಡಿಗೆಯವಳಿಗೆ ಕೇಳಿಸದ ಹಾಗೆ.

ಬೆಳಗಾವಿ ಕುಂದಾದ ಬಗ್ಗೆ ಒಂದು ಕತೆ ಹೇಳುತ್ತಾರೆ: ಯಾರೋ ಹಾಲನ್ನು ಒಲೆಯ ಮೇಲೆ ಮರೆತುಬಿಟ್ಟರು, ಅದು ಬತ್ತಿ ಕೆಂಪಗಾಗಿ ಕುಂದಾ ಆಯಿತು ಎಂದು. ಈ ಕತೆಯನ್ನು ಕಾಕು ಒಪ್ಪುವುದಿಲ್ಲ. “ಮರತ ಹಾಲ ಸೀದ ಹೋಗ್ತದ. ಯಾರೋ ಒಬ್ಬಾಕಿ ಹಿಂದ ನಿಂತ ‘ಕೈ ಆಡಸು, ಕೈ ಆಡಸು’ ಅಂದಿರಬೇಕ.” ಇದರ ಮುಂದೆ ವಾದ ನಡೆಯದು. ದಪ್ಪ ತಳದ ಪಾತ್ರೆ, ಬಿಡದೆ ಆಡುವ ಕೈ ಇಲ್ಲದೆ ಹಾಲು ಕುಂದಾ ಆಗುವುದು ಹೇಗೆ?

ನಿಮ್ಮ ಮನೆಗೂ ಕಾಕು ಬರುವವರಿದ್ದರೆ ಸಾರಿಗೆ ಉಪ್ಪನ್ನು ಅರ್ಧ ಚಮಚ ಕಡಿಮೆ ಹಾಕಿಡಿ. ಮುಚ್ಚಳ ಎತ್ತಲಿ, ಅಂಗೈಗೆ ಒಂದು ಹನಿ ಬಿಟ್ಟುಕೊಂಡು ನೆಕ್ಕಲಿ, “ಸಪ್ಪಗ ಆಗೇದಲ್ಲವಾ” ಎನ್ನಲಿ, ತಮ್ಮ ಕೈಯಾರೆ ಉಪ್ಪು ಹಾಕಲಿ. ಊಟ ಸುಖವಾಗಿ ಮುಗಿಯುತ್ತದೆ, ಸಾರು ಹದವಾಗಿಯೂ ಇರುತ್ತದೆ. ಜಾಸ್ತಿ ಮಾತ್ರ ಹಾಕಬೇಡಿ, ಬಟಾಟಿ ಸುಲಿಯಲು ಕೂತುಬಿಡುತ್ತಾರೆ.