ಅಂತ್ಯಾಕ್ಷರಿಯ ಜಡ್ಜಸಾಹೇಬರು

ಆಡುವವರು ಕೆಲವರು, ಆಡಿಸುವವರು ಕೆಲವರು ಇರುವ ಈ ಲೋಕದಲ್ಲಿ, ತಾವು ಆಡದೆ, ಇತರರನ್ನು ನೆಮ್ಮದಿಯಿಂದ ಆಡಗೊಡದೆ, ಆಟವೆಂಬುದು ತಮ್ಮ ತೀರ್ಪಿಗಾಗಿಯೇ ಸೃಷ್ಟಿಯಾಯಿತೆಂದು ದೃಢವಾಗಿ ನಂಬಿದ ಮೂರನೆಯ ವರ್ಗವೊಂದುಂಟು. ಈ ವರ್ಗದ ಪ್ರತಿನಿಧಿಯೊಬ್ಬರು ಊರೂರಿಗೂ ಇದ್ದೇ ಇರುತ್ತಾರಾದರೂ, ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಹೋಗುವ ಹೆದ್ದಾರಿಯ ಮೇಲಿರುವ ನಮ್ಮ ಕೆರೂರಿಗೆ ದೊರೆತವರು ಸಾಮಾನ್ಯರಲ್ಲ. ಹೆಸರು ಹೇಳುವುದು ಉಚಿತವಲ್ಲ. ಬಳಗದವರೆಲ್ಲ ಅವರನ್ನು ಜಡ್ಜಸಾಹೇಬರೆಂದೇ ಕರೆಯುತ್ತಾರೆ; ಅವರು ಸರಕಾರಿ ಕಚೇರಿಯೊಂದರಲ್ಲಿ ಲೆಕ್ಕ ಬರೆದು ನಿವೃತ್ತರಾದವರೆಂಬುದು ಗೌಣ ವಿಷಯ.

ಬಳಗವೆಂದರೆ ಬಾಲ್ಯದಲ್ಲಿ ಒಂದೇ ಶಾಲೆಯ ಜಂತೆಗಳನ್ನು ಎಣಿಸಿದವರದು. ಒಬ್ಬರು ಇಳಕಲ್ಲಿನಲ್ಲಿ ಸೀರೆಯ ವ್ಯಾಪಾರ ಹೂಡಿದ್ದಾರೆ, ಒಬ್ಬರು ಗುಳೇದಗುಡ್ಡದಲ್ಲಿ ಖಣದ ಅಂಗಡಿಯಿಟ್ಟಿದ್ದಾರೆ, ಹುನಗುಂದದಲ್ಲಿ ಒಬ್ಬ ಮಾಸ್ತರರಿದ್ದಾರೆ, ಪುಣೆಯಲ್ಲಿ ನೆಲೆಸಿದ ಜೈನ ಮಿತ್ರರೊಬ್ಬರಿದ್ದಾರೆ, ಬೆಂಗಳೂರಿನಲ್ಲಿ ಮಗನ ಸಂಸಾರದೊಡನೆ ಹೊಂದಿಕೊಳ್ಳಲು ಯತ್ನಿಸುತ್ತಿರುವವರಿದ್ದಾರೆ, ಹಳೆಯ ಬಾಗಲಕೋಟೆಯ ಮನೆ ಆಲಮಟ್ಟಿಯ ಹಿನ್ನೀರಿಗೆ ಹೋಗಲಾಗಿ ನವನಗರಕ್ಕೆ ಬಂದವರೂ ಇದ್ದಾರೆ. ರಾತ್ರಿ ರೊಟ್ಟಿಯ ಊಟವಾದ ತರುವಾಯ ಒಂಬತ್ತರಿಂದ ಹತ್ತರವರೆಗೆ ಇವರೆಲ್ಲ ವಾಟ್ಸಾಪಿನಲ್ಲಿ ಕೂಡಿ ಪದಗಳ ಅಂತ್ಯಾಕ್ಷರಿ ಆಡುತ್ತಾರೆ. ಒಬ್ಬರು ಪದ ಬರೆಯಬೇಕು. ಅದರ ಕೊನೆಯ ಅಕ್ಷರವನ್ನು ಹಿಡಿದು ಮುಂದಿನವರು ಇನ್ನೊಂದು ಪದ ತೊಡಗಬೇಕು. ಇಷ್ಟು ನಿರುಪದ್ರವಿಯಾದ ವಿನೋದದಲ್ಲಿ ನ್ಯಾಯಾಲಯಕ್ಕೆ ಎಡೆಯೆಲ್ಲಿ ಎಂದು ಕೇಳುವವರು ಜಡ್ಜಸಾಹೇಬರನ್ನು ಕಂಡವರಲ್ಲ.

ಆಟದ ಮೊದಲ ದಿನವೇ ಅವರು ಅದರ ವಂಶಾವಳಿಯನ್ನು ಪ್ರಕಟಿಸಿದರು: ಇದು ಪೋರರ ಹುಡುಗಾಟವಲ್ಲ, ವಾತ್ಸ್ಯಾಯನನು ಎಣಿಸಿದ 64 ಕಲೆಗಳಲ್ಲಿ ಪ್ರತಿಮಾಲಾ ಎಂಬ ಹೆಸರಿನಿಂದ ಪರಿಗಣಿತವಾದ ವಿದ್ಯೆ. ಯಾವ ಗ್ರಂಥದಲ್ಲಿ ಎಣಿಸಿದ್ದಾನೆಂದು ಹುನಗುಂದದ ಮಾಸ್ತರರು ವಿನಯದಿಂದ ಕೇಳಿದ್ದಕ್ಕೆ, ಮೊಮ್ಮಕ್ಕಳೂ ಮೊಬೈಲು ನೋಡುವ ಹೊತ್ತಿನಲ್ಲಿ ಗ್ರಂಥದ ಹೆಸರು ಅಪ್ರಸ್ತುತವೆಂದು ಉತ್ತರ ಬಂದಿತು.

ಬಳಿಕ ನಿಯಮಗಳು ಹೊರಟವು. ಇಂಗ್ಲಿಷ್ ಪದ ಸಲ್ಲದು ಎಂಬುದು ಮೊದಲನೆಯದು. ಇದಕ್ಕೆ ಅವರು ನೀಡಿದ ಆಧಾರ ಮಾತ್ರ ನನಗೆ ಈಗಲೂ ಮೆಚ್ಚುಗೆ: ಈ ಊರಿನ ಹೆಸರನ್ನೇ ಹೊತ್ತ ಕೆರೂರು ವಾಸುದೇವಾಚಾರ್ಯರು ಶೇಕ್ಸಪಿಯರನ ವೆನಿಸ್ ನಗರದ ವರ್ತಕನನ್ನೇ ‘ಸುರತ ನಗರದ ಶ್ರೇಷ್ಠಿ’ಯನ್ನಾಗಿ ಮಾಡಿ ಕನ್ನಡಕ್ಕೆ ತಂದಿರುವಾಗ, ನಿಮಗೊಂದು ‘ಬಸ್ಸು’ ಬಿಡಲಾಗದೆ? “ಬಸ್ಸು ಬಿಟ್ರ ಹುಬ್ಬಳ್ಳಿ ಮುಟ್ಟೂದು ಹ್ಯಾಂಗ್ರಿ?” ಎಂದು ಖಣದ ವ್ಯಾಪಾರಿಗಳು ಕೇಳಿದರು. ಊರ ಹೆಸರುಗಳೂ ಸಲ್ಲವೆಂಬುದು ಎರಡನೆಯದು; ಇಳಕಲ್ಲೆಂಬುದು ಊರಾದರೆ ತಿರಸ್ಕೃತ, ಸೀರೆಯಾದರೆ ಅಂಗೀಕೃತ. ಊರಿಲ್ಲದೆ ಸೀರೆ ಎಲ್ಲಿಂದ ಬಂದಿತೆಂಬ ಪ್ರಶ್ನೆಯನ್ನು ನ್ಯಾಯಪೀಠವು ದಾಖಲಿಸಿಕೊಳ್ಳಲಿಲ್ಲ.

ಈ ಕಾಠಿಣ್ಯದ ಹಿಂದೆ ಒಂದು ವಿರಹವಿದೆಯೆಂದು ನನ್ನ ಊಹೆ. ಬದಾಮಿಯ ಕಪ್ಪೆ ಅರಭಟ್ಟನ ಶಾಸನದ ಚಿತ್ರವನ್ನು ಆದಿತ್ಯವಾರಕ್ಕೊಮ್ಮೆ ಬಳಗಕ್ಕೆ ಕಳಿಸಿ, ಸುಮಾರು 700ನೆಯ ಇಸವಿಯಷ್ಟು ಹಿಂದೆಯೇ ಬಂಡೆಯ ಮೇಲೆ ತ್ರಿಪದಿ ಕೆತ್ತಿದ ನಾಡಿನಲ್ಲಿ ಇಂದು ೞಕಾರ ಱಕಾರಗಳನ್ನು ಕೇಳುವವರಿಲ್ಲವೆಂದು ಶೋಕಿಸುವುದು ಅವರ ವ್ರತ. ಒಮ್ಮೆ ೞಕಾರವನ್ನು ಮೊಬೈಲಿನಲ್ಲಿ ಒಡಮೂಡಿಸಲು ಹೊರಟವರಿಗೆ, ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಹಚ್ಚುವ ಯುನಿಕೋಡಿನಲ್ಲಿ ಆ ಅಕ್ಷರಕ್ಕೆ ‘ಫಾ’ ಎಂಬ ಹೆಸರು ಪ್ರಮಾದದಿಂದ ಬಿದ್ದಿದೆಯೆಂದು ತಿಳಿದುಬಂದಿತು. ತಿದ್ದಬಾರದೇಕೆ? ಒಮ್ಮೆ ಇಟ್ಟ ಹೆಸರನ್ನು ಬದಲಿಸಕೂಡದೆಂಬುದು ಯುನಿಕೋಡಿನ ನಿಯಮ. ಸರಿಯಾದ ಹೆಸರನ್ನು ಪಕ್ಕದಲ್ಲಿ ಉಪನಾಮವಾಗಿ ಬರೆದುಕೊಳ್ಳಬಹುದು, ಅಷ್ಟೆ. ಜೀವಮಾನವೆಲ್ಲ ನಿಯಮವನ್ನು ಪೂಜಿಸಿದವರಿಗೆ ನಿಯಮವೇ ಎದುರುನಿಂತ ಆ ರಾತ್ರಿ, ಬಳಗದಲ್ಲಿ ಮೂರು ‘ಬಸ್ಸು’ಗಳು ತಡೆಯಿಲ್ಲದೆ ಓಡಾಡಿದವು.

ಣಕಾರದ ಪ್ರಕರಣ ಇದಕ್ಕಿಂತ ಗಹನವಾದುದು. ಪದ ಣಕಾರದಲ್ಲಿ ಮುಗಿದರೆ ನಕಾರದಿಂದಲೂ, ಳಕಾರದಲ್ಲಿ ಮುಗಿದರೆ ಲಕಾರದಿಂದಲೂ ತೊಡಗಬಹುದೆಂಬ ದಯೆ ಕನ್ನಡದ ಅಂತ್ಯಾಕ್ಷರಿಯಲ್ಲಿ ರೂಢವಾಗಿದೆ. ‘ಶಬ್ದಮಣಿದರ್ಪಣ’ದಲ್ಲಿ ಕೇಶಿರಾಜನು ಇಂಥ ದಯೆಯನ್ನು ವಿಧಿಸಿಲ್ಲವೆಂಬ ಕಾರಣದಿಂದ ಜಡ್ಜಸಾಹೇಬರು ಅದನ್ನು ರದ್ದುಪಡಿಸಿದರು. ಅಂದೇ ಗುಳೇದಗುಡ್ಡದವರು, ತಮ್ಮ ಅಂಗಡಿಯ ಸರಕನ್ನೇ ಎತ್ತಿ, ‘ಖಣ’ ಎಂದು ಬರೆದು ಮಲಗಿಬಿಟ್ಟರು. ಬಳಗ ಸ್ತಬ್ಧವಾಯಿತು. ಮಾಸ್ತರರು ಕಿಟ್ಟೆಲರ 1894ರ ನಿಘಂಟನ್ನು ತೆರೆದು ನಿಟ್ಟುಸಿರಿಟ್ಟರು. ಹತ್ತು ಹೊಡೆಯಲು ಇನ್ನೆರಡು ನಿಮಿಷವಿರುವಾಗ ಪುಣೆಯಿಂದ ಒಂದೇ ಪದ ಬಂದಿಳಿಯಿತು: ‘ಣಮೋಕಾರ’. ಜೈನರು ನಿತ್ಯ ಜಪಿಸುವ ಮಂತ್ರ. ಬದಾಮಿಯ ನಾಲ್ಕನೆಯ ಗುಹೆಯಲ್ಲಿ ತೀರ್ಥಂಕರರನ್ನು ಕಂಡು ಕೈಮುಗಿದು ಬೆಳೆದವರು ಅದನ್ನು ಪರಕೀಯವೆನ್ನುವುದೆಂತು? ಸಾಹೇಬರು ಬಹಳ ಹೊತ್ತು ಆಲೋಚಿಸಿ, ಮೂಲ ಪ್ರಾಕೃತವಾದುದರಿಂದ ಅರ್ಧ ಅಂಕವೆಂದು ನಿರ್ಣಯವಿತ್ತರು. ಆಟದಲ್ಲಿ ಅಂಕಗಳೆಂಬುವೇ ಇರಲಿಲ್ಲ. “ಹಂಗಾದ್ರ ನಿರ್ಣಯ ಅನ್ನೂದು ಯಾವ ಊರ ಮಾತ್ರಿ?” ಎಂದು ಪುಣೆಯವರು ಕೇಳಿದ ಪ್ರಶ್ನೆಗೆ ಹತ್ತು ಗಂಟೆ ಮೀರಿತೆಂಬ ಉತ್ತರ ದೊರೆಯಿತು.

ಆದರೆ ಅವರ ಸಿಂಹಾಸನ ನಿಜಕ್ಕೂ ಅಲುಗಿದ್ದು ಮನೆಯ ವಿಷಯದಲ್ಲಿ. ಅಂತ್ಯಾಕ್ಷರದೊಡನೆ ಅದರ ಸ್ವರವನ್ನೂ ಲೆಕ್ಕಕ್ಕೆ ಹಿಡಿಯತಕ್ಕದ್ದೆಂಬುದು ಅವರದೇ ಶಾಸನ. ನವನಗರದವರು ‘ಮನಿ’ ಎಂದು ಬರೆದರು. ಇಳಕಲ್ಲಿನವರು ‘ನಿಚ್ಚಣಿಕಿ’ ಎಂದರು. ಕೂಡಲೇ ತಡೆಯಾಜ್ಞೆ! ಗ್ರಂಥಸ್ಥ ರೂಪ ‘ಮನೆ’ಯಾದುದರಿಂದ ಮುಂದಿನ ಪದ ‘ನೆ’ಯಿಂದಲೇ ತೊಡಗಬೇಕು, ಉದಾಹರಣೆಗೆ ‘ನೆಲ’. ಬೆಂಗಳೂರಿನವರು, ಇಷ್ಟು ವರ್ಷ ಅಲ್ಲಿದ್ದ ದೋಷದಿಂದ, ಹೌದೆಂದರು. ನವನಗರದವರಿಗೆ ರೇಗಿತು. “ಕಾಗದದಾಗ ಬರದದ್ದು ಮನೆ ರೀ. ನೀರಾಗ ಮುಳುಗಿದ್ದು ಮನಿ!” ಇದಕ್ಕೆ ಯಾವ ವ್ಯಾಕರಣದಲ್ಲಿ ಸಮಾಧಾನವಿದೆಯೋ ನಾನರಿಯೆ. ಸಾಹೇಬರು ತಕ್ಷಣಕ್ಕೆ ಏನೂ ತೋಚದೆ, ಬೆರಳಚ್ಚನ್ನು ಬಿಟ್ಟು ಧ್ವನಿಸಂದೇಶ ಕಳಿಸಿದರು: “ತೀರ್ಪ ನಾಳೆ ಹೇಳ್ತೀನ್ರಪಾ, ಈಗ ಮಂದಿ ಬಂದಾರ ಮನ್ಯಾಗ.”

ಅರೆಗಳಿಗೆಯಲ್ಲಿ ಹುನಗುಂದದ ಮಾಸ್ತರರು ಆ ಕೊನೆಯ ಗಕಾರವನ್ನು ಹಿಡಿದು ‘ಗಜ್ಜರಿ’ ಎಂದು ಬರೆದರು, ಆಟ ಮುಂದುವರಿಯಿತು. ಜಡ್ಜಸಾಹೇಬರು ಇದುವರೆಗೆ ಆಡಿದ ಪದ ‘ಮನ್ಯಾಗ’ ಎಂಬುದೊಂದೇ. ಅದನ್ನು ತಾವು ಆಡಲಿಲ್ಲ, ಕೇವಲ ನುಡಿದೆವೆಂದು ಅವರು ಮರುದಿನವೇ ಮೇಲ್ಮನವಿ ಸಲ್ಲಿಸಿದ್ದು, ಅದನ್ನು ತಾವೇ ವಿಚಾರಣೆಗೆ ಎತ್ತಿಕೊಂಡಿದ್ದಾರೆ. ತೀರ್ಪು ಇನ್ನೂ ಹೊರಬಿದ್ದಿಲ್ಲ.